ಹಳೆಯ ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡ್: ಹೊಳಪಿಗಿಂತ ಹೊಂದಿಕೆ ಮುಖ್ಯ

ಕುದುರೆ ಫಾರಂ ಎಂದೊಡನೆ ಕುಣಿಗಲ್ ನೆನಪಾಗುತ್ತದೆ. ಟಿಪ್ಪು ಸುಲ್ತಾನನ ಅಶ್ವದಳದ ಕಾಲದಿಂದಲೂ ಉತ್ತಮ ಕುದುರೆಗಳಿಗೆ ಹೆಸರಾದ ಈ ಊರಿಗೂ ಮೋಟಾರು ಕಾರಿನ ಡ್ಯಾಶ್‌ಬೋರ್ಡಿಗೂ ಒಂದು ದೂರದ ನಂಟಿದೆ. ಸಾರೋಟುಗಳ ಕಾಲದಲ್ಲಿ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕುಳಿತವರ ಮೇಲೆ ಬೀಳದಂತೆ ಮುಂಭಾಗದಲ್ಲಿ ಮರದ ಅಥವಾ ತೊಗಲಿನ ಹಲಗೆಯೊಂದನ್ನು ನಿಲ್ಲಿಸುತ್ತಿದ್ದರು. ಅದರ ಹೆಸರೇ ಡ್ಯಾಶ್‌ಬೋರ್ಡ್. ಕುದುರೆಯ ಸ್ಥಾನಕ್ಕೆ ಎಂಜಿನ್ ಬಂದಿತು. ಹಲಗೆ ಮಾತ್ರ ಉಳಿದುಕೊಂಡು, ವೇಗ, ಇಂಧನ ಮತ್ತು ಉಷ್ಣತೆಗಳನ್ನು ತೋರಿಸುವ ಮಾಪಕಗಳ ಮನೆಯಾಯಿತು.

ಇಂದಿನ ಕಾರುಗಳಲ್ಲಿ ಈ ಭಾಗವು ಅಚ್ಚಿನಿಂದ ಲಕ್ಷಗಟ್ಟಲೆ ಹೊರಬರುವ ಪ್ಲಾಸ್ಟಿಕ್ ವಸ್ತು. ಆದರೆ 1970ರ ದಶಕಕ್ಕಿಂತ ಹಿಂದಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅದು ಬಹುತೇಕ ಮರ, ಉಕ್ಕು, ಅಲ್ಯೂಮಿನಿಯಂ ಮತ್ತು ಚರ್ಮಗಳ ಕೈಕೆಲಸವಾಗಿತ್ತು. ಅದನ್ನು ಪುನಃ ಸಿದ್ಧಗೊಳಿಸುವುದು ಒಂದೊಂದೇ ಎಣಿಕೆಯ ಕೆಲಸವಾದುದರಿಂದ ದೊಡ್ಡ ಕಾರ್ಖಾನೆಗಳು ಇದಕ್ಕೆ ಕೈಹಾಕುವುದಿಲ್ಲ. ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ, ವಸಂತನರಸಾಪುರ ಹಾಗೂ ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ದಿಮೆದಾರರು, ಪೀಠೋಪಕರಣ ತಯಾರಕರು ಹಾಗೂ ಸೀಟು ಹೊದಿಸುವ ಕುಶಲಕರ್ಮಿಗಳು ಈ ಕೆಲಸದತ್ತ ಗಮನ ಹರಿಸಬೇಕಾದುದು ಈ ಕಾರಣಕ್ಕಾಗಿಯೇ. ಆದರೆ ಇಲ್ಲಿ ತಪ್ಪಿಗೆ ಅವಕಾಶ ಕಡಿಮೆ. ಅರ್ಧ ಮಿಲಿಮೀಟರಿನಷ್ಟು ತೆಳುವಾದ ಹಳೆಯ ವಿನೀರನ್ನು ಒಮ್ಮೆ ಅತಿಯಾಗಿ ಉಜ್ಜಿದರೆ ಅದು ಮರಳಿ ಬಾರದು. ಕಾರಿನ ಬೆಲೆಯೊಂದಿಗೆ ಕೆಲಸಗಾರನ ಹೆಸರೂ ಕುಸಿಯುತ್ತದೆ.

ಬೇಡಿಕೆಯ ಹಿನ್ನೆಲೆ

ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಕಾರ್ಯನಿರತವಾಗಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಂಗ್ರಹವಿದ್ದು, 2023ರಲ್ಲಿ ಶ್ರೀರಂಗಪಟ್ಟಣದ ಸಮೀಪ 'ಪಯಣ' ಕಾರು ಸಂಗ್ರಹಾಲಯವೂ ಆರಂಭವಾಯಿತು. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ರೂಪಿಸಿತು. ಅದರಂತೆ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು 'ವಿಎ' ಅಕ್ಷರಗಳುಳ್ಳ ವಿಶೇಷ ಸಂಖ್ಯೆಯನ್ನು ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷಗಳ ಮಾನ್ಯತೆ. ವಾಹನವು ಮೂಲ ಸ್ವರೂಪದಲ್ಲಿರಬೇಕು; ಚಾಸಿಸ್, ಕವಚ ಮತ್ತು ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಇದರ ತಿರುಳು. ನಿಯಮದ ಆ ಸಾಲಿನಲ್ಲಿ ಡ್ಯಾಶ್‌ಬೋರ್ಡಿನ ಹೆಸರಿಲ್ಲ. ಆದರೂ ಮೂಲ ಸ್ವರೂಪಕ್ಕೆ ಬೆಲೆ ಕಟ್ಟುವ ಗ್ರಾಹಕ ಮೊದಲು ನೋಡುವುದು ಕಣ್ಣೆದುರಿನ ಈ ಹಲಗೆಯನ್ನೇ.

ಎಲ್ಲ ಕಾರಿಗೂ ಮರವಲ್ಲ

ಹಳೆಯ ಕಾರು ಎಂದರೆ ಹೊಳೆಯುವ ಮರದ ಡ್ಯಾಶ್‌ಬೋರ್ಡ್ ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವ ಹಾಗಿಲ್ಲ. ಜಾಗ್ವಾರ್ ಸಂಸ್ಥೆಯ ಎಕ್ಸ್‌ಕೆ 120 ಮಾದರಿಯನ್ನೇ ಗಮನಿಸಬಹುದು. ಅದರ ತೆರೆದ ರೋಡ್‌ಸ್ಟರ್ ಕಾರಿಗೆ ಚರ್ಮ ಹೊದಿಸಿದ ಡ್ಯಾಶ್‌ಬೋರ್ಡ್, ಮೇಲ್ಛಾವಣಿಯುಳ್ಳ ಕೂಪೆಗೆ ವಾಲ್‌ನಟ್ ವಿನೀರು. ತೆರೆದ ಕಾರಿನಲ್ಲಿ ಮಳೆ ಬಿಸಿಲುಗಳು ನೇರವಾಗಿ ಬೀಳುವುದನ್ನು ನೆನೆದರೆ ಈ ಭೇದ ಯುಕ್ತವೆನಿಸುತ್ತದೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ನ ಆರಂಭದ ಕಾರುಗಳಲ್ಲಿ ಮಧ್ಯಭಾಗಕ್ಕೆ ಚುಕ್ಕಿ ವಿನ್ಯಾಸದ ಅಲ್ಯೂಮಿನಿಯಂ ಇದ್ದಿತು. 1963ರ ನಂತರ ಅದರ ಜಾಗಕ್ಕೆ ಕಪ್ಪು ವಿನೈಲ್ ಬಂದಿತು. ಎಂಜಿಎ 1500 ಕಾರಿನ ಉಕ್ಕಿನ ಡ್ಯಾಶ್‌ಬೋರ್ಡಿಗೆ ಹೊರಮೈಯ ಬಣ್ಣವನ್ನೇ ಬಳಿಯುತ್ತಿದ್ದರು. 1962ರ ಎಂಜಿಬಿ ಕಾರಿಗೆ ಸುಕ್ಕುಸುಕ್ಕಾದ ಕಪ್ಪು ಬಣ್ಣ. ಟ್ರಯಂಫ್ ಟಿಆರ್6 ಕಾರಿಗೆ ವಾಲ್‌ನಟ್ ವಿನೀರು ಇದ್ದರೂ ಅದರ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿರಲಿಲ್ಲ, ಮಂದವಾಗಿತ್ತು.

ಆದುದರಿಂದ ಕೆಲಸ ಒಪ್ಪಿಕೊಳ್ಳುವ ಮೊದಲು ಕಾರಿನ ಮಾದರಿ, ತಯಾರಾದ ವರ್ಷ ಹಾಗೂ ಮಾರಾಟವಾದ ದೇಶ ಇವು ಮೂರನ್ನೂ ತಿಳಿಯಬೇಕು. ದೇಶವನ್ನು ಏಕೆ ಕೇಳಬೇಕೆಂದರೆ, ಅಮೆರಿಕದ ಸುರಕ್ಷತಾ ನಿಯಮಗಳು 1968ರಿಂದ ಜಾರಿಗೆ ಬಂದಾಗ ಅಲ್ಲಿಗೆ ಹೋದ ಎಂಜಿಬಿ ಕಾರುಗಳಿಗೆ ಮೆತ್ತೆಯುಳ್ಳ ಬೇರೆಯೇ ಡ್ಯಾಶ್‌ಬೋರ್ಡ್ ಅಳವಡಿಸಲಾಯಿತು. ಒಂದೇ ಹೆಸರಿನ ಎರಡು ಕಾರುಗಳಿಗೆ ಎರಡು ಬಗೆಯ ಉತ್ತರ ಸಾಧ್ಯ.

ಬಿಸಿಲಿನ ಪರೀಕ್ಷೆ

ಎರಡನೆಯ ಪ್ರಶ್ನೆ ಶಾಖದ್ದು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಸಿಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಅರಿಜೋನಾದ ಬಿಸಿಲು ನಮ್ಮ ಬಯಲುಸೀಮೆಯ ಬಿಸಿಲಿಗಿಂತ ತೀಕ್ಷ್ಣವೆಂಬುದು ನಿಜ. ಆದರೂ ಏಪ್ರಿಲ್ ತಿಂಗಳ ಮಧ್ಯಾಹ್ನ ತುಮಕೂರಿನಲ್ಲಿ ನಿಲ್ಲಿಸಿದ ಕಾರಿಗೆ 60 ಡಿಗ್ರಿಯನ್ನಾದರೂ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಈ ಶಾಖದಲ್ಲಿ ಲೋಹ ಮತ್ತು ಪ್ಲಾಸ್ಟಿಕ್‌ಗಳು ಹಿಗ್ಗುತ್ತವೆ. 1.2 ಮೀಟರ್ ಉದ್ದದ ಅಲ್ಯೂಮಿನಿಯಂ ಹಲಗೆಯು 15 ಡಿಗ್ರಿಯ ಮುಂಜಾವಿನಿಂದ 60 ಡಿಗ್ರಿಯ ಮಧ್ಯಾಹ್ನಕ್ಕೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಅಕ್ರಿಲಿಕ್ ಹಾಳೆ ಸುಮಾರು 3.8 ಮಿಲಿಮೀಟರ್. ಎರಡೂ ತುದಿಗಳಲ್ಲಿ ಬಿಗಿಯಾಗಿ ತಿರುಪು ಹಾಕಿದರೆ ಹಲಗೆ ನಡುವೆ ಉಬ್ಬದೆ ವಿಧಿಯಿಲ್ಲ. ಒಂದು ತುದಿಯ ರಂಧ್ರವನ್ನು ಉದ್ದನೆಯ ಗಾಡಿಯಾಗಿ ಕೊರೆಯುವುದು ಇದಕ್ಕೆ ಸರಳ ಪರಿಹಾರ. ಮರವು ಶಾಖಕ್ಕೆ ಹಿಗ್ಗುವುದು ಅತ್ಯಲ್ಪ. ಆದರೆ ತೇವಾಂಶದ ಏರಿಳಿತಕ್ಕೆ ಅದು ಎಳೆಯ ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ, ಸೊಟ್ಟಗಾಗುತ್ತದೆ.

ಮರದ ಕೆಲಸದ ಗುಟ್ಟು

ಈ ಕಾರಣದಿಂದಲೇ ಡ್ಯಾಶ್‌ಬೋರ್ಡಿಗೆ ಇಡೀ ಮರದ ಹಲಗೆಗಿಂತ ಪ್ಲೈವುಡ್ ಮೇಲೆ ಅಂಟಿಸಿದ ವಿನೀರು ಹೆಚ್ಚು ಸೂಕ್ತ. ಐಎಸ್ 710 ಗುಣಮಟ್ಟದ ಮೆರೈನ್ ಪ್ಲೈವುಡ್ ಇದಕ್ಕೆ ಉತ್ತಮ ತಳಹದಿ. ಅಂದದ ವಿನೀರನ್ನು ಮುಂಭಾಗಕ್ಕಷ್ಟೇ ಅಂಟಿಸಿ ಹಿಂಭಾಗವನ್ನು ಹಾಗೆಯೇ ಬಿಟ್ಟರೆ ಹಲಗೆ ಒಂದು ಕಡೆಗೆ ಬಾಗುತ್ತದೆ. ಕಾಣದ ಹಿಂಭಾಗಕ್ಕೂ ಅದೇ ದಪ್ಪದ ಅಗ್ಗದ ವಿನೀರು ಅಂಟಿಸುವುದು ವ್ಯರ್ಥ ಖರ್ಚಲ್ಲ, ಹಲಗೆಯ ಆಯುಷ್ಯಕ್ಕೆ ವಿಮೆ.

ಅಂಟಿನ ಆಯ್ಕೆಯೂ ಅಷ್ಟೇ ಮಹತ್ವದ್ದು. ಬಡಗಿಗಳು ದಿನನಿತ್ಯ ಬಳಸುವ ಬಿಳಿಯ ಅಂಟು ಶಾಖಕ್ಕೆ ಮೆದುವಾಗುವ ಜಾತಿಯದು. ಗೃಹಬಳಕೆಯ ಪೀಠೋಪಕರಣಕ್ಕೆ ಅದು ಸಾಕು. ಗಾಜಿನ ಕೆಳಗೆ ಕಾಯುವ ಹಲಗೆಗೆ ಸಾಲದು. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟನ್ನು, ಇಲ್ಲವೇ ಶಾಖ ನೀಡಿ ಪೂರ್ಣವಾಗಿ ಗಟ್ಟಿಗೊಳಿಸುವ ಎಪಾಕ್ಸಿಯನ್ನು ಬಳಸುವುದು ಲೇಸು.

ಇಂಗ್ಲೆಂಡಿನ ಕಾರುಗಳಿಗೆ ವಾಲ್‌ನಟ್, ಅಂದರೆ ಅಖ್ರೋಟ್ ಮರ, ಸಾಂಪ್ರದಾಯಿಕ. ಅದು ನಮ್ಮ ದೇಶದಲ್ಲಿ ಕಾಶ್ಮೀರದಲ್ಲಿ ಬೆಳೆಯುತ್ತದೆ. ಮೈಸೂರು ಸೀಮೆಯ ಬೀಟೆ ಮರದ ಚೆಲುವು ಅದಕ್ಕೆ ಕಡಿಮೆಯದೇನಲ್ಲ. ಆದರೆ ಮೂಲದಲ್ಲಿ ವಾಲ್‌ನಟ್ ಇದ್ದ ಕಾರಿಗೆ ಬೀಟೆ ಹಾಕಬೇಕಾದರೆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು. ಬೀಟೆಯ ಕಡಿತ, ಸಾಗಾಣಿಕೆಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕಾಗಿರುವುದರಿಂದ ಖರೀದಿಯ ಬಿಲ್ಲು, ರಹದಾರಿಗಳನ್ನು ಜೋಪಾನವಾಗಿಡತಕ್ಕದ್ದು. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲವೂ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಪಟ್ಟಿಗೆ ಸೇರಿವೆ. 10 ಕೆ.ಜಿ.ವರೆಗಿನ ಸಿದ್ಧ ವಸ್ತುಗಳಿಗೆ 2019ರಲ್ಲಿ ವಿನಾಯಿತಿ ದೊರೆತಿದೆಯಾದರೂ ರಫ್ತಿಗೆ ಮುನ್ನ ಅಧಿಕಾರಿಗಳಿಂದ ಖಚಿತಪಡಿಸಿಕೊಳ್ಳುವುದು ಜಾಣತನ.

ಲೇಪನದ ತೂಕ

ಅರಗಿನಿಂದ ತಯಾರಾಗುವ ಫ್ರೆಂಚ್ ಪಾಲಿಶ್ ಮರದ ಎಳೆಗಳನ್ನು ಎತ್ತಿ ತೋರಿಸುವುದರಲ್ಲಿ ಎತ್ತಿದ ಕೈ. ಆದರೆ ಶಾಖಕ್ಕೆ ಅದು ಮೆದುವಾಗುತ್ತದೆ, ನೀರು ಬಿದ್ದರೆ ಬಿಳಿಯ ಕಲೆ ಮೂಡುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಗೇರ್ ಹಿಡಿಗೂ ಇದೇ ಮಿತಿ. ಹಳೆಯ ಕಾಲದ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಮೂಲಕ್ಕೆ ಹತ್ತಿರವಾದರೂ ವರ್ಷಗಳು ಉರುಳಿದಂತೆ ಹಳದಿಯಾಗಿ ಬಿರುಕು ಬಿಡುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಸಿಂಪಡಿಸಿದರೆ ಮಂಜಿನಂತೆ ಮಸುಕಾಗುತ್ತದೆ. ನಿತ್ಯ ಓಡಾಡುವ ಕಾರಿಗೆ ನೇರಳಾತೀತ ಕಿರಣಗಳನ್ನು ತಡೆಯುವ, ಎರಡು ದ್ರವಗಳನ್ನು ಬೆರೆಸಿ ಬಳಸುವ ಪಾಲಿಯುರೆಥೇನ್ ಹೆಚ್ಚು ಬಾಳಿಕೆಯದು. ಅದರ ಗಟ್ಟಿಕಾರಕವು ಹಳದಿಯಾಗದ ಅಲಿಫ್ಯಾಟಿಕ್ ಬಗೆಯದೇ ಎಂದು ವಿಚಾರಿಸಿ ಕೊಳ್ಳಬೇಕು. ಇದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಿಂಪಡಿಸುವುದು ಸಲ್ಲದು. ಶುದ್ಧಗಾಳಿ ಪೂರೈಸುವ ಮುಖಕವಚ ಅವಶ್ಯ.

ಹೊಳಪು ಹೆಚ್ಚಿದಷ್ಟೂ ಕೆಲಸ ಉತ್ತಮ ಎಂದು ತಿಳಿಯುವವರುಂಟು. ಆದರೆ ಡ್ಯಾಶ್‌ಬೋರ್ಡಿನ ಮೇಲ್ಭಾಗದ ಹೊಳಪು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಚಾಲಕನ ಕಣ್ಣಿಗೆ ಬಡಿಯುತ್ತದೆ. 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ಹೆಲಿಕಾಪ್ಟರಿನ ಮಾಪಕ ಫಲಕಗಳಿಗೆ ಹೊಳಪಿಲ್ಲದ ಬಣ್ಣ ಬಳಿಯುವುದು ಈ ಪ್ರತಿಫಲನವನ್ನು ತಪ್ಪಿಸಲೆಂದೇ. ಎಂಜಿಬಿಯ ಸುಕ್ಕು ಬಣ್ಣಕ್ಕೂ ಟಿಆರ್6ರ ಮಂದ ಲೇಪನಕ್ಕೂ ಅದೇ ಗುಣವಿದೆ.

ಲೋಹ, ರೆಕ್ಸಿನ್ ಮತ್ತು ಮಾಪಕಗಳು

ಉಕ್ಕಿನ ಹಲಗೆಗಳಿಗೆ ಪೌಡರ್ ಕೋಟಿಂಗ್ ಮಾಡಿಸುವ ಯೋಚನೆ ಸಹಜ. ಆದರೆ ಸುಕ್ಕು ಬಗೆಯ ಪೌಡರಿನ ಕಣರಚನೆ ಮೂಲ ಸುಕ್ಕು ಬಣ್ಣದಂತಿರುವುದಿಲ್ಲ. ಅದರ ದಪ್ಪ ಪದರದಿಂದ ಮಾಪಕಗಳ ರಂಧ್ರಗಳೂ ಕಿರಿದಾಗುತ್ತವೆ. ಇನ್ನೊಂದು ಸೂಕ್ಷ್ಮವೆಂದರೆ, ಹಳೆಯ ಕಾರುಗಳಲ್ಲಿ ಮಾಪಕಗಳಿಗೂ ಅವುಗಳ ದೀಪಗಳಿಗೂ ಲೋಹದ ಹಲಗೆಯೇ ಅರ್ಥಿಂಗ್ ಒದಗಿಸುತ್ತಿತ್ತು. ಪೌಡರ್ ಲೇಪಿಸಿದಾಗ ಅಥವಾ ಲೋಹದ ಬದಲು ಮರ ಹಾಕಿದಾಗ ಈ ಸಂಪರ್ಕ ಕಡಿದು ಮಾಪಕಗಳು ತಪ್ಪು ತೋರಿಸತೊಡಗುತ್ತವೆ. ಪ್ರತ್ಯೇಕ ಅರ್ಥ್ ತಂತಿಯೊಂದು ಈ ತೊಂದರೆಯನ್ನು ನಿವಾರಿಸುತ್ತದೆ.

ರೆಕ್ಸಿನ್ ಕೊಳ್ಳುವಾಗ ಬಣ್ಣದೊಂದಿಗೆ ದರ್ಜೆಯನ್ನೂ ನೋಡಬೇಕು. ಸೋಫಾಕ್ಕೆ ಬಳಸುವ ಸಾಧಾರಣ ವಿನೈಲ್‌ನಲ್ಲಿರುವ ಮೆದುಕಾರಕವು ಬಿಸಿಲಿಗೆ ಆವಿಯಾಗಿ ಮುಂದಿನ ಗಾಜಿನ ಒಳಮೈಗೆ ಜಿಡ್ಡಾಗಿ ಅಂಟುತ್ತದೆ. ಹೊದಿಕೆ ಗಡುಸಾಗಿ ಬಿರಿಯುತ್ತದೆ. ವಾಹನಗಳ ಒಳಾಂಗಣಕ್ಕೆಂದೇ ತಯಾರಾದ ದರ್ಜೆ ಸ್ವಲ್ಪ ದುಬಾರಿಯಾದರೂ ಅದೇ ಸರಿ. ಚರ್ಮವೂ ಒಣಶಾಖಕ್ಕೆ ಕುಗ್ಗುವುದರಿಂದ ಅಂಚುಗಳಲ್ಲಿ ಧಾರಾಳವಾಗಿ ಮಡಿಕೆ ಬಿಡಬೇಕು.

ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಈಗ ಇಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು. ಆ ಕಾರ್ಖಾನೆ ಬೆಳೆಸಿದ ಸೂಕ್ಷ್ಮ ಕೈಕೆಲಸದ ನೆನಪು ಮಾತ್ರ ನಗರದಲ್ಲಿ ಇನ್ನೂ ಇದೆ. ಮಾಪಕಗಳ ಮುಖಬಿಲ್ಲೆ, ಮುಳ್ಳು, ಅಂಚುಬಳೆಗಳ ಕೆಲಸಕ್ಕೆ ಬೇಕಾದುದು ಅಂತಹ ಕೈಯೇ. ಆದರೆ ಕತ್ತಲಲ್ಲಿ ಹೊಳೆಯುವಂತೆ ಮಾಡಿದ ಹಳೆಯ ಮುಖಬಿಲ್ಲೆಗಳಲ್ಲಿ ರೇಡಿಯಂ ಇರುವ ಸಾಧ್ಯತೆಯಿದೆ. ಅವನ್ನು ಕೆರೆಯುವುದಾಗಲಿ ಉಜ್ಜುವುದಾಗಲಿ ಕೂಡದು.

ವ್ಯವಹಾರದ ಶಿಸ್ತು

ಈ ಕೆಲಸದಲ್ಲಿ ಜಗಳ ಹುಟ್ಟುವುದು ಬಹುಮಟ್ಟಿಗೆ ನೆನಪಿನ ಮೇಲೆ ನಡೆದ ಒಪ್ಪಂದಗಳಿಂದ. ಗ್ರಾಹಕ 'ಕಂದು' ಎಂದಾಗ ಅವನ ಮನಸ್ಸಿನಲ್ಲಿರುವ ಕಂದು ಬೇರೆ, ಬಣ್ಣಗಾರನದು ಬೇರೆ. ಆದುದರಿಂದ ಅದೇ ಪ್ಲೈವುಡ್, ಅದೇ ವಿನೀರು, ಅದೇ ಲೇಪನ ಬಳಸಿ ಅಂಗೈಯಗಲದ ಮಾದರಿ ತುಂಡೊಂದನ್ನು ಸಿದ್ಧಪಡಿಸಿ, ಎರಡಾಗಿ ಕತ್ತರಿಸಿ, ಎರಡರ ಹಿಂಭಾಗಕ್ಕೂ ಇಬ್ಬರ ಸಹಿ ಹಾಕಿ ಒಂದೊಂದನ್ನು ಇಟ್ಟುಕೊಳ್ಳುವುದು ಉತ್ತಮ ಪದ್ಧತಿ. ಅದಕ್ಕೂ ಮುನ್ನ ಆ ತುಂಡನ್ನು ಕೆಲವು ದಿನ ಗಾಜು ಮುಚ್ಚಿ ಬಿಸಿಲಿನಲ್ಲಿಟ್ಟು ನೋಡಿದರೆ ಅಂಟು, ಲೇಪನಗಳ ಸತ್ವ ತಾನಾಗಿ ತಿಳಿಯುತ್ತದೆ.

ಬಿಚ್ಚುವ ಮೊದಲು ಪ್ರತಿ ಭಾಗದ ಛಾಯಾಚಿತ್ರ ತೆಗೆದು, ರಂಧ್ರಗಳ ಅಳತೆ ಬರೆದಿಡಬೇಕು. ಹಳೆಯ ಹಲಗೆ ಎಷ್ಟೇ ಹಾಳಾಗಿದ್ದರೂ ಅದನ್ನು ಎಸೆಯದೆ ಮಾಲೀಕರಿಗೆ ಮರಳಿಸಬೇಕು. ಮೂಲದ ಬಣ್ಣ, ಮೂಲದ ಎಳೆಗಳಿಗೆ ಅದೇ ಕೊನೆಯ ಸಾಕ್ಷಿ. ಬಳಸಿದ ಮರ, ಅಂಟು, ಲೇಪನಗಳ ವಿವರವನ್ನು ಬಿಲ್ಲಿನೊಂದಿಗೆ ಬರೆದುಕೊಟ್ಟರೆ ಹತ್ತು ವರ್ಷಗಳ ನಂತರ ದುರಸ್ತಿಗೆ ಬರುವ ಗ್ರಾಹಕ ಅದೇ ಬಾಗಿಲಿಗೆ ಬರುತ್ತಾನೆ.

ಬಡಗಿ, ಬಣ್ಣಗಾರ, ಲೋಹದ ಕೆಲಸಗಾರ, ಸೀಟು ಹೊದಿಸುವವ, ಈ ನಾಲ್ವರೂ ಒಂದೇ ಸೂರಿನಡಿ ಇರಬೇಕೆಂದಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್‌ಗಳ ನಡುವಿನ ದೂರ ಅಲ್ಪ. ಒಬ್ಬರು ಗ್ರಾಹಕನಿಗೆ ಹೊಣೆಯಾಗಿ ನಿಂತು, ಉಳಿದವರು ಒಪ್ಪಿತ ಮಾದರಿಯಂತೆ ತಮ್ಮ ಪಾಲಿನ ಕೆಲಸ ಮಾಡಿಕೊಟ್ಟರೆ ಕಡಿಮೆ ಬಂಡವಾಳದಲ್ಲಿಯೇ ಇಂತಹ ಕೆಲಸ ನಡೆಯಬಲ್ಲದು. ಆದರೆ ಅಂತಹ ಕೂಟದ ಮೊದಲ ಕೆಲಸ ಬಣ್ಣದ ಡಬ್ಬಿ ತೆರೆಯುವುದಲ್ಲ. ಈ ಕಾರಿಗೆ ಮೂಲದಲ್ಲಿ ಏನಿತ್ತು, ಇಲ್ಲಿನ ಬಿಸಿಲಿಗೆ ಏನು ತಾಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವುದು.