ಚುಕ್ಕಾಣಿಗೆ ಸಿಕ್ಕಿಕೊಂಡ ಹಗ್ಗ

ಒಂದು ಹಳೆಯ ಕಪ್ಪು-ಬಿಳುಪು ಫೋಟೊ ಇದೆ. ಆಕ್ಸ್‌ಫರ್ಡಿನ ಯೂನಿವರ್ಸಿಟಿ ಕಾಲೇಜಿನ ದೋಣಿ ಕ್ಲಬ್ಬಿನ ಹುಡುಗರು ಕ್ಯಾಮೆರಾ ಎದುರು ಸೇರಿದ್ದಾರೆ. 1960ರ ಆಸುಪಾಸಿನ ಚಿತ್ರ. ಪರೀಕ್ಷೆ, ಪಾಠ, ಪ್ರೊಫೆಸರು ಯಾವುದೂ ತಮಗೆ ಸಂಬಂಧವಿಲ್ಲ ಅನ್ನುವ ಹಾಗೆ ನಿಂತಿದ್ದಾರೆ. ಅವರ ನಡುವೆ ಕನ್ನಡಕ ಹಾಕಿದ ಸಣಕಲು ಹುಡುಗನೊಬ್ಬ ಕೈಯಲ್ಲಿ ಕರವಸ್ತ್ರ ಹಿಡಿದು ಚೇಷ್ಟೆ ಮಾಡುತ್ತಿದ್ದಾನೆ. ಗಾಲಿಕುರ್ಚಿಯಲ್ಲಿ ಮಾತ್ರ ಕಂಡ ಮುಖವಾದ್ದರಿಂದ ನಮಗೆ ತಕ್ಷಣ ಗುರುತು ಸಿಕ್ಕುವುದಿಲ್ಲ. ಅದು ಸ್ಟೀಫನ್ ಹಾಕಿಂಗ್.

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ದೋಣಿ ಕ್ಲಬ್ಬುಗಳ ಬಗ್ಗೆ ಬರೆಯಬೇಕೆಂದು ಹೊರಟಾಗ ನನ್ನ ಮುಂದೆ ಪದಕಗಳ ಪಟ್ಟಿಯೇ ಇತ್ತು. ನಾಲ್ಕು ಒಲಿಂಪಿಕ್ಸ್‌ಗಳಲ್ಲಿ, 1992ರಿಂದ 2004ರವರೆಗೆ, ಸಾಲಾಗಿ ನಾಲ್ಕು ಚಿನ್ನ ಗೆದ್ದ ಮ್ಯಾಥ್ಯೂ ಪಿನ್ಸೆಂಟ್ ಆಕ್ಸ್‌ಫರ್ಡ್ ದೋಣಿಯಲ್ಲಿ ಹುಟ್ಟು ಹಾಕಿದವರೇ. ಆದರೆ ಹಾಕಿಂಗ್ ತಮ್ಮ ಆತ್ಮಕಥೆಯಲ್ಲಿ ಈ ಕ್ಲಬ್ಬಿನ ಬಗ್ಗೆ ಬರೆದುಕೊಂಡ ಕೆಲವೇ ಸಾಲು ಓದಿದ ಮೇಲೆ ಪಿನ್ಸೆಂಟ್ ಪಕ್ಕಕ್ಕೆ ಸರಿದರು. ಗೆದ್ದವರ ಕಥೆ ಎಲ್ಲ ಕ್ಲಬ್ಬಿನಲ್ಲೂ ಸಿಗುತ್ತದೆ. ಇದು ಸೋತವನ ಕಥೆ.

1959ರ ಅಕ್ಟೋಬರಿನಲ್ಲಿ ಕಾಲೇಜು ಸೇರಿದಾಗ ಹಾಕಿಂಗ್‌ಗೆ ಹದಿನೇಳು. ಜೊತೆಯವರಲ್ಲಿ ಹಲವರು ಮಿಲಿಟರಿ ಸೇವೆ ಮುಗಿಸಿ ಬಂದ ದೊಡ್ಡವರು. ಭೌತಶಾಸ್ತ್ರ ಹಾಕಿಂಗ್‌ಗೆ ಕಷ್ಟವೇ ಅಲ್ಲ. ಮೂರು ವರ್ಷದಲ್ಲಿ ಓದಿದ್ದು ಒಟ್ಟು ಸಾವಿರ ಗಂಟೆ, ದಿನಕ್ಕೆ ಸರಾಸರಿ ಒಂದೇ ಗಂಟೆ ಎಂದು ಮುಂದೆ ಅವರೇ ಲೆಕ್ಕ ಹಾಕಿದರು. ಕಷ್ಟವಿದ್ದದ್ದು ಉಳಿದ ಇಪ್ಪತ್ಮೂರು ಗಂಟೆಗಳದು. ಮೊದಲ ವರ್ಷವಿಡೀ ಒಂಟಿ, ಎರಡನೆಯ ವರ್ಷದಲ್ಲೂ ಒಂದಷ್ಟು ದಿನ ಹಾಗೆಯೇ. ನಾಲ್ಕು ಜನ ಗೆಳೆಯರಾಗಲಿ ಎಂಬ ಒಂದೇ ಆಸೆಯಿಂದ ಅವರು ಕೊನೆಗೆ ದೋಣಿ ಕ್ಲಬ್ಬಿಗೆ ಹೆಸರು ಕೊಟ್ಟರು.

ಹುಟ್ಟು ಹಾಕುವ ಮೈಕಟ್ಟು ಅವರದಲ್ಲ. ಆದರೆ ಎಂಟು ಜನ ಹುಟ್ಟು ಹಾಕುವ ದೋಣಿಗೆ ಒಂಬತ್ತನೆಯವನೊಬ್ಬ ಬೇಕು. ಅವನೇ ಕಾಕ್ಸ್. ಈ ಆಟದ ಸೋಜಿಗವೆಲ್ಲ ನನಗೆ ಕಂಡದ್ದು ಅವನಲ್ಲೇ. ಹುಟ್ಟು ಹಾಕುವವರು ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕೂತಿರುತ್ತಾರೆ. ತಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಎಂಟು ಜನಕ್ಕೂ ಕಾಣುವುದಿಲ್ಲ. ದೋಣಿಯ ಹಿಂತುದಿಯಲ್ಲಿ, ಅವರಿಗೆ ಎದುರಾಗಿ ಕೂತ ಕಾಕ್ಸ್‌ಗೆ ಮಾತ್ರ ಮುಂದಿನ ನದಿ ಕಾಣುತ್ತದೆ. ಚುಕ್ಕಾಣಿಯ ದಾರ ಎರಡೂ ಕೈಯಲ್ಲಿ, ಕೆಲಸವೆಲ್ಲ ಬಾಯಲ್ಲಿ. ಯಾವಾಗ ಬಿರುಸು, ಯಾವಾಗ ನಿಧಾನ, ಯಾರ ಹುಟ್ಟು ತಡವಾಗಿ ನೀರಿಗೆ ಬಿತ್ತು ಎಂದು ಕೂಗಿ ಹೇಳುತ್ತಲೇ ಇರಬೇಕು. ದೋಣಿಯ ಉದ್ದ ಸುಮಾರು ಹದಿನೆಂಟು ಮೀಟರ್, ಅಗಲ ಒಬ್ಬ ಮನುಷ್ಯ ಕೂರುವಷ್ಟು. ಮೈ ಹಗುರಿರಬೇಕು, ದನಿ ಗಟ್ಟಿಯಿರಬೇಕು. ಹಾಕಿಂಗ್‌ಗೆ ಎರಡೂ ಇತ್ತು.

ಇಲ್ಲದಿದ್ದದ್ದು ಎಚ್ಚರಿಕೆ. ಎರಡು ದೋಣಿಗಳ ನಡುವಿನ ಸಂದಿಯಲ್ಲಿ ತೂರಿಸುವ ಚಪಲಕ್ಕೆ ಅವರು ಹೆಸರಾದರು. ದಂಡೆಗೆ ಮರಳುವಾಗ ದೋಣಿಯ ಮೈಗೆ ಗೀರು, ಹುಟ್ಟಿನ ಅಲಗಿಗೆ ಪೆಟ್ಟು.

ಅವರ ಮೊದಲ ಪಂದ್ಯದ ಕಥೆ ಹೇಳಬೇಕಾದರೆ ಆ ಪಂದ್ಯದ ರೀತಿಯನ್ನು ಸ್ವಲ್ಪ ಬಿಡಿಸಬೇಕು. ಆಕ್ಸ್‌ಫರ್ಡಿನಲ್ಲಿ ಹರಿಯುವ ಥೇಮ್ಸ್ ನದಿಯನ್ನು ಅಲ್ಲಿನವರು ಐಸಿಸ್ ಅನ್ನುತ್ತಾರೆ. ಅಲ್ಲಿ ನದಿ ಇಕ್ಕಟ್ಟು. ದೋಣಿಗಳು ಅಕ್ಕಪಕ್ಕ ಓಡುವಂತಿಲ್ಲ. ಅದಕ್ಕೇ ಒಂದರ ಹಿಂದೊಂದು ನಿಲ್ಲುತ್ತವೆ, ಹದಿಮೂರು ದೋಣಿಗಳ ಒಂದು ಸಾಲು. ಪ್ರತಿ ಎರಡರ ನಡುವೆ ಒಂದೂವರೆ ದೋಣಿಯಷ್ಟು ಅಂತರ. ಆ ಅಂತರ ಕೆಡದಿರಲೆಂದು ದಂಡೆಗೆ ಕಟ್ಟಿದ ಹಗ್ಗದ ತುದಿಯನ್ನು ಕಾಕ್ಸ್ ಹಿಡಿದು ಕೂತಿರಬೇಕು. ಗುಂಡು ಹಾರಿದ ಕೂಡಲೇ ಹಗ್ಗ ಬಿಡಬೇಕು. ಎಂಟು ಹುಟ್ಟು ಒಟ್ಟಿಗೆ ನೀರಿಗೆ ಬೀಳುತ್ತವೆ. ನಿಮ್ಮ ಮುಂದಿನ ದೋಣಿಯನ್ನು ಮುಟ್ಟಿದರೆ ಅದು ‘ಬಂಪ್’. ಮುಟ್ಟಿಸಿಕೊಂಡ ದೋಣಿಯ ಕಾಕ್ಸ್ ಕೈ ಎತ್ತಿ ಸೋಲು ಒಪ್ಪಿಕೊಳ್ಳುತ್ತಾನೆ. ಮರುದಿನ ನಿಮ್ಮ ಜಾಗ ಅವರಿಗೆ, ಅವರ ಜಾಗ ನಿಮಗೆ. ನಮ್ಮ ಮಕ್ಕಳ ಮುಟ್ಟಾಟವನ್ನೇ ನೀರಿಗಿಳಿಸಿದ ಹಾಗೆ. ಇದು ನಾಲ್ಕು ದಿನ ನಡೆಯುತ್ತದೆ. ದಂಡೆಯ ಮೇಲೆ ಸೈಕಲ್ ತುಳಿಯುತ್ತ ಬರುವ ಗೆಳೆಯರು ಅಂತರ ಕಡಿಮೆಯಾದಂತೆಲ್ಲ ಸೀಟಿ ಹೆಚ್ಚಿಸುತ್ತಾರೆ. ಬೆನ್ನು ಮಾಡಿ ಕೂತ ಎಂಟು ಜನಕ್ಕೆ ಬೇಟೆ ಹತ್ತಿರವಾಯಿತೆಂದು ತಿಳಿಯುವುದು ಹೀಗೆ.

ಇನ್ನೊಂದು ವಿಶೇಷ: ವರ್ಷದ ಕೊನೆಗೆ ನಿಂತ ಜಾಗದಿಂದಲೇ ಮುಂದಿನ ವರ್ಷದ ಪಂದ್ಯ ಶುರು. ಅಜ್ಜ ಗೆದ್ದುಕೊಟ್ಟ ಜಾಗವನ್ನು ಮೊಮ್ಮಗ ಉಳಿಸಿಕೊಳ್ಳಬೇಕು. ಇಲ್ಲಿ ಯಾರೂ ಸೊನ್ನೆಯಿಂದ ಶುರು ಮಾಡುವುದಿಲ್ಲ.

ಹಾಕಿಂಗ್ ಮೊದಲ ಸಲ ಹಗ್ಗ ಹಿಡಿದು ಕೂತರು. ಗುಂಡು ಹಾರಿತು, ಹಗ್ಗ ಬಿಟ್ಟರು. ಅದು ಹೋಗಿ ಚುಕ್ಕಾಣಿಯ ದಾರಕ್ಕೆ ಸಿಕ್ಕಿಕೊಂಡಿತು. ದೋಣಿ ದಿಕ್ಕು ತಪ್ಪಿತು, ತಂಡವನ್ನು ಪಂದ್ಯದಿಂದಲೇ ಹೊರಹಾಕಿದರು. ಇನ್ನೊಮ್ಮೆ ಎದುರಿನಿಂದ ಬಂದ ದೋಣಿಗೆ ಮುಖಾಮುಖಿ ಢಿಕ್ಕಿ. ಆ ಸಲ ತಪ್ಪು ತನ್ನದಲ್ಲ, ಮೊದಲು ಹಾದುಹೋಗುವ ಹಕ್ಕು ತಮ್ಮ ದೋಣಿಗೇ ಇತ್ತು ಎಂದು ಅರ್ಧ ಶತಮಾನದ ನಂತರವೂ ಅವರು ವಾದ ಹೂಡಿದ್ದಾರೆ! ವಿಶ್ವ ಹುಟ್ಟಿದ ಬಗೆಯನ್ನು ಅಳೆದ ಮನುಷ್ಯನಿಗೆ ಕಾಲೇಜಿನ ಒಂದು ಢಿಕ್ಕಿಯ ತಕರಾರು ಇನ್ನೂ ಇತ್ಯರ್ಥವಾಗಿರಲಿಲ್ಲ.

ಆಮೇಲೆ ಬರುವ ಮಾತೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಕಾಕ್ಸ್ ಆಗಿ ಕೆಟ್ಟೆ, ಆದರೂ ಆ ವರ್ಷ ಗೆಳೆಯರು ಸಿಕ್ಕರು, ಮೊದಲಿಗಿಂತ ಎಷ್ಟೋ ಸಂತೋಷವಾಗಿದ್ದೆ ಎಂಬ ಅರ್ಥದಲ್ಲಿ ಅವರು ಆ ಭಾಗ ಮುಗಿಸುತ್ತಾರೆ. ಪಂದ್ಯದಿಂದ ಹೊರಬಿದ್ದ ದೋಣಿಯೊಂದು ಮಾಡಿದ ಸಾಧನೆ ಇದು.

ಇಷ್ಟಕ್ಕೂ ಈ ಕ್ಲಬ್ಬುಗಳು ಹುಟ್ಟಿದ್ದು ಹೇಗೆ? ಹಳಬರು ಹೇಳುವ ಕಥೆ ಸಣ್ಣದು. ಹುಡುಗರು ದೋಣಿಯಲ್ಲಿ ದೂರದ ಪಾನಗೃಹಕ್ಕೆ ಹೋಗಿ ಮರಳುವಾಗ ಇಫ್ಲಿ ಎಂಬಲ್ಲಿ ನೀರಿನ ಬಾಗಿಲು ತೆರೆಯುವವರೆಗೆ ಕಾಯಬೇಕಿತ್ತು. ಬಾಗಿಲಿನಿಂದ ಒಂದೊಂದೇ ದೋಣಿ ಹೊರಬೀಳುತ್ತಿತ್ತು, ಹಿಂದಿನದು ಮುಂದಿನದನ್ನು ಅಟ್ಟುತ್ತಿತ್ತು. ದಾಖಲೆಗೆ ಸಿಕ್ಕ ಮೊದಲ ಪಂದ್ಯ 1815ರದು, ಬ್ರೇಸ್‌ನೋಸ್ ಮತ್ತು ಜೀಸಸ್ ಕಾಲೇಜುಗಳ ನಡುವೆ. 1829ರ ಜೂನ್ 10ರಂದು ಹೆನ್ಲಿಯಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಮೊದಲ ಬಾರಿ ಎದುರಾದವು. ಸವಾಲಿನ ಹಿಂದಿದ್ದವರು ಒಂದೇ ಶಾಲೆಯಲ್ಲಿ ಓದಿದ ಇಬ್ಬರು ಚಾರ್ಲ್ಸರು. ಕೇಂಬ್ರಿಜ್ಜಿನವನು ಚಾರ್ಲ್ಸ್ ಮೆರಿವೇಲ್. ಆಕ್ಸ್‌ಫರ್ಡಿನವನು ಚಾರ್ಲ್ಸ್ ವರ್ಡ್ಸ್‌ವರ್ತ್, ನಾವು ಪಠ್ಯದಲ್ಲಿ ಓದಿದ ಕವಿಯ ತಮ್ಮನ ಮಗ. ಗೆದ್ದದ್ದು ಆಕ್ಸ್‌ಫರ್ಡ್. 1856ರಿಂದ ಈ ‘ಬೋಟ್ ರೇಸ್’ ವರ್ಷಕ್ಕೊಮ್ಮೆಯ ಪಂದ್ಯವಾಯಿತು, ಯುದ್ಧದ ವರ್ಷಗಳನ್ನು ಬಿಟ್ಟರೆ 2020ರ ಕೋವಿಡ್ ಮಾತ್ರ ಅದನ್ನು ನಿಲ್ಲಿಸಿತು. ಈಗಿನ ದಾರಿ ಲಂಡನ್ನಿನ ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗೆ 6.8 ಕಿಲೋಮೀಟರ್. 1877ರಲ್ಲಿ ಸಮಬಲ, 1912ರಲ್ಲಿ ಎರಡೂ ದೋಣಿಗಳ ತುಂಬ ನೀರು. ಇಂಥ ಕಥೆಗಳಿಗೆ ಅಲ್ಲಿ ಬರವಿಲ್ಲ.

ನಮಗೂ ಈ ಕ್ಲಬ್ಬುಗಳ ಋಣ ಒಂದಿಷ್ಟಿದೆ. ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಆಡಿಬಂದವರನ್ನು ನಮ್ಮ ಕಾಲೇಜುಗಳಲ್ಲಿ ‘ಯೂನಿವರ್ಸಿಟಿ ಬ್ಲೂ’ ಅನ್ನುತ್ತೇವಲ್ಲ, ಆ ನೀಲಿ ಬಂದದ್ದು ಅಲ್ಲಿಂದಲೇ. ಆಕ್ಸ್‌ಫರ್ಡಿನದು ಕಡುನೀಲಿ, ಕೇಂಬ್ರಿಜ್ಜಿನದು ತಿಳಿನೀಲಿ. ಬ್ಲೂ ಆದವರು ಹೆಮ್ಮೆಯಿಂದ ತೊಡುವ ಬ್ಲೇಜರ್ ಕೂಡ ದೋಣಿಯಿಂದ ಇಳಿದು ಬಂದದ್ದೇ. ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ 1825ರಲ್ಲಿ ಹುಟ್ಟಿದ ಲೇಡಿ ಮಾರ್ಗರೆಟ್ ಕ್ಲಬ್ಬಿನ ಹುಡುಗರ ಕೋಟು ಉರಿಯುವ ಬೆಂಕಿಯಷ್ಟು ಕೆಂಪು. ಆ ಉರಿಗೆಂಪಿನಿಂದಲೇ ಬ್ಲೇಜರ್ ಎಂಬ ಹೆಸರು ಹುಟ್ಟಿತು.

ಕಾಕ್ಸ್‌ಗಳ ವಿಷಯಕ್ಕೆ ಮರಳೋಣ. ಗಂಡಸರ ಕೋಟೆಯಾಗಿದ್ದ ಬೋಟ್ ರೇಸಿನೊಳಕ್ಕೆ ಮೊದಲ ಹೆಣ್ಣುಮಗಳು ನುಗ್ಗಿದ್ದು ಕಾಕ್ಸ್‌ನ ಕಿರಿದಾದ ಜಾಗದಿಂದಲೇ. 1981ರಲ್ಲಿ ಆಕ್ಸ್‌ಫರ್ಡಿನ ಸೂ ಬ್ರೌನ್ ಎಂಟು ಗಂಡಾಳುಗಳಿಗೆ ಆಜ್ಞೆ ಕೊಟ್ಟು ಗೆಲ್ಲಿಸಿದರು, ಮರುವರ್ಷವೂ ಗೆಲ್ಲಿಸಿದರು. ಹೆಂಗಸರ ಪಂದ್ಯ 1927ರಲ್ಲೇ ಶುರುವಾಗಿದ್ದರೂ ಅದೇ ದಿನ, ಅದೇ ನೀರಿನಲ್ಲಿ ಅವರಿಗೂ ದಾರಿ ಸಿಕ್ಕಿದ್ದು 2015ರಲ್ಲಿ. ಎಂಬತ್ತೆಂಟು ವರ್ಷ ಕಾಯಬೇಕಾಯಿತು.

ಟಿವಿಯಲ್ಲಿ ಕಾಣುವ ಆ ಒಂದು ದಿನದ ಆಚೆಗೆ ಈ ಕ್ಲಬ್ಬುಗಳ ನಿಜವಾದ ಬದುಕು ಇರುವುದು ಕಾಲೇಜುಗಳ ಕೆಳ ಹಂತದ ದೋಣಿಗಳಲ್ಲಿ. ಕ್ಯಾಪ್ಟನ್, ಕಾರ್ಯದರ್ಶಿ, ಖಜಾಂಚಿ ಎಲ್ಲ ವಿದ್ಯಾರ್ಥಿಗಳೇ. ಹುಟ್ಟನ್ನು ಕಣ್ಣಲ್ಲೂ ಕಾಣದವರು ಅಕ್ಟೋಬರಿನಲ್ಲಿ ಸೇರಿ, ಚಳಿಯಲ್ಲಿ ಬೆಳಕು ಹರಿಯುವ ಮೊದಲೇ ನದಿಗೆ ಬರುತ್ತಾರೆ. ಕಾನೂನು ಓದುವವಳ ಹಿಂದೆ ಗಣಿತದವಳು, ಅವಳ ಹಿಂದೆ ವೈದ್ಯಕೀಯದವಳು. ಒಬ್ಬರು ಹಾಸಿಗೆಯಿಂದ ಏಳದಿದ್ದರೆ ದೋಣಿಯೇ ಹೊರಡುವುದಿಲ್ಲ. ಎಂಟು ಜನ ಹೊರಬೇಕಾದ ಭಾರ ಏಳು ಜನರಿಂದ ಹೊರಲಾಗದು. ಈ ಒಂದು ಕಾರಣಕ್ಕೇ ಒಬ್ಬರನ್ನೊಬ್ಬರು ಎಬ್ಬಿಸುತ್ತಾರೆ, ಬೈಯುತ್ತಾರೆ, ಕಾಯುತ್ತಾರೆ. ಒಂಟಿ ಹುಡುಗನಿಗೆ ಬೇಕಾದದ್ದು ಅಷ್ಟೇ: ತಾನು ಬರದಿದ್ದರೆ ಯಾರಿಗೋ ತೊಂದರೆಯಾಗುತ್ತದೆ ಎಂಬ ಅರಿವು.

ಕಷ್ಟಗಳೂ ಇವೆ. ಮಳೆಗಾಲದ ಹೊಳೆಯಂತೆ ಐಸಿಸ್ ಉಕ್ಕಿದರೆ ವಾರಗಟ್ಟಲೆ ಕೆಂಪು ಬಾವುಟ. ಚಳಿಗಾಲದ ‘ಟಾರ್ಪಿಡ್ಸ್’ ಪಂದ್ಯಗಳು ಹೀಗೆ ಎಷ್ಟೋ ಸಲ ಕೊಚ್ಚಿಹೋಗಿವೆ. ಹಾಕಿಂಗ್‌ರ ಕಾಲೇಜಿನ ದೋಣಿಮನೆ 1999ರಲ್ಲಿ ಸುಟ್ಟುಹೋಯಿತು, ಹೊಸದು ಎದ್ದು ನಿಲ್ಲಲು 2007 ಆಯಿತು. ಇನ್ನು ನದಿಯದೇ ಗತಿ ನೋಡಿ. ಗೆದ್ದ ತಂಡ ತನ್ನ ಕಾಕ್ಸ್‌ನನ್ನು ಎತ್ತಿ ನೀರಿಗೆ ಎಸೆಯುವುದು ಹಳೆಯ ಪದ್ಧತಿ, ಅದೇ ಅವನಿಗೆ ಸಲ್ಲುವ ಸನ್ಮಾನ. 2024ರ ಬೋಟ್ ರೇಸಿನ ಹೊತ್ತಿಗೆ ಲಂಡನ್ನಿನ ಥೇಮ್ಸ್ ನೀರಿನಲ್ಲಿ ಕೊಳಚೆಯ ಇ-ಕೋಲಿ ರೋಗಾಣು ಮಿತಿಮೀರಿ ಕಂಡಿತು. ನೀರಿಗೆ ಇಳಿಯಬೇಡಿ ಎಂದು ತಂಡಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಇನ್ನೂರು ವರ್ಷದ ಆಟಕ್ಕೆ ನದಿಯೇ ಮೈಲಿಗೆಯಾಯಿತು. ಕೆರೆ-ಹೊಳೆಗಳ ಸ್ಥಿತಿ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಕ್ಸ್‌ಫರ್ಡಿನ ಕೊನೆಯ ವರ್ಷದಲ್ಲಿ ಹಾಕಿಂಗ್‌ರ ಕೈಕಾಲು ಏಕೋ ಹೇಳಿದ ಮಾತು ಕೇಳದಾಯಿತು. ಒಬ್ಬರೇ ಕೂತು ಹುಟ್ಟು ಹಾಕುವುದು ಕಷ್ಟವಾಗತೊಡಗಿತು. ಒಮ್ಮೆ ಮೆಟ್ಟಿಲ ಮೇಲಿಂದ ಬಿದ್ದರು. 1962ರಲ್ಲಿ ಕೇಂಬ್ರಿಜ್ಜಿಗೆ ಹೋದರು, 1963ರಲ್ಲಿ ರೋಗಕ್ಕೆ ಹೆಸರು ಸಿಕ್ಕಿತು. 1985ರಲ್ಲಿ ಜೀವ ಉಳಿಸಲು ಮಾಡಿದ ಶಸ್ತ್ರಚಿಕಿತ್ಸೆ ಮಾತನ್ನು ಕಿತ್ತುಕೊಂಡಿತು. ಒಂದು ಕಾಲಕ್ಕೆ ಐಸಿಸ್ ನದಿಯ ಮೇಲೆ ಎಂಟು ಜನರನ್ನು ನಡೆಸಿದ ದನಿ ಅದು.

ಗೆದ್ದ ತಂಡದವರ ಹೆಸರನ್ನು ಹುಟ್ಟಿನ ಅಲಗಿನ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸಿ ಗೋಡೆಗೆ ತೂಗುಹಾಕುವುದು ಅಲ್ಲಿನ ರೂಢಿ. ಪಂದ್ಯದಿಂದ ಹೊರಬಿದ್ದ ದೋಣಿಗೆ ಆ ಭಾಗ್ಯವಿಲ್ಲ. ಉಳಿದಿರುವುದು ಆ ಫೋಟೊ. ನದಿಯ ಮೇಲೆ ಕಾಕ್ಸ್ ಕೈ ಎತ್ತಿದರೆ ಸೋತೆ ಎಂದು ಅರ್ಥ. ಫೋಟೊದಲ್ಲಿ ಕರವಸ್ತ್ರ ಹಿಡಿದ ಆ ಕೈಗೆ ಮಾತ್ರ ಸೋಲಿನ ಪರಿವೆಯೇ ಇಲ್ಲ. ಸುತ್ತ ಗೆಳೆಯರಿದ್ದಾರೆ.