ಹೊಳೆ ಹತ್ತಿರ, ನಳ ದೂರ

ಊರೆಂದರೇನು? ಮನೆಗಳ ಸಾಲು ಊರಲ್ಲ. ಪೇಟೆಯ ಗದ್ದಲವೂ ಊರಲ್ಲ. ಸಾವಿರಾರು ಜನರು ಒಂದೆಡೆ ವಾಸಿಸತೊಡಗಿದಾಗ ಒಬ್ಬನ ಬಚ್ಚಲ ನೀರು ಇನ್ನೊಬ್ಬನ ಬಾವಿಗೆ ಇಳಿಯದಂತೆ, ಒಬ್ಬನ ಮನೆಯ ಕಸವು ಇನ್ನೊಬ್ಬನ ಹೊಸ್ತಿಲಿಗೆ ಬಾರದಂತೆ, ಇರುಳಿನಲ್ಲಿ ನಡೆಯುವವನು ಗಟಾರಿನಲ್ಲಿ ಬೀಳದಂತೆ ಎಲ್ಲರೂ ಕೂಡಿ ಮಾಡಿಕೊಳ್ಳುವ ಏರ್ಪಾಡಿನಿಂದಲೇ ಊರು ಊರಾಗುತ್ತದೆ. ಆ ಏರ್ಪಾಡಿಗೆ ಪುರಸಭೆಯೆಂದು ಹೆಸರು. ರಾಜ್ಯವು ಸ್ವತಂತ್ರವಾದ ಮಾತ್ರಕ್ಕೆ ಊರು ಸ್ವತಂತ್ರವಾಗಲಿಲ್ಲ. ತನ್ನ ನೀರು, ತನ್ನ ಕಸ, ತನ್ನ ಬೀದಿ ಇವುಗಳನ್ನು ತಾನೇ ನೋಡಿಕೊಳ್ಳಬಲ್ಲ ಊರಿಗೆ ಮಾತ್ರ ಸ್ವರಾಜ್ಯವೆಂಬ ಮಾತು ಸಲ್ಲುತ್ತದೆ.

ಈ ಅಳತೆಗೋಲನ್ನು ನಾವು ಮಲಪ್ರಭೆಯ ಸೀಮೆಯ ನಾಲ್ಕು ಊರುಗಳಿಗೆ ಇಟ್ಟು ನೋಡಬಯಸುತ್ತೇವೆ. ಬೈಲಹೊಂಗಲವು ಹತ್ತಿಯ ಪೇಟೆಯಿಂದ ಬೆಳೆದ ಊರು. 2011ರ ಜನಗಣತಿಯ ಹೊತ್ತಿಗೇ ಅದರ ಜನಸಂಖ್ಯೆ ಐವತ್ತು ಸಾವಿರದ ಹತ್ತಿರಕ್ಕೆ ಬಂದಿತ್ತು. ಸವದತ್ತಿಯು ರಟ್ಟರ ಕಾಲದ ಸುಗಂಧವರ್ತಿ. ಊರ ಜನ ನಾಲ್ವತ್ತು ಸಾವಿರಕ್ಕೆ ಮಿಕ್ಕಿದ್ದರೆ, ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಲ್ಲಿ ಬರುವ ಜನ ಲಕ್ಷಗಟ್ಟಲೆ. ರಾಮದುರ್ಗವು 1948ರವರೆಗೆ ಭಾವೆ ಮನೆತನದ ಸಂಸ್ಥಾನದ ರಾಜಧಾನಿ. ಕಿತ್ತೂರಿನ ಹೆಸರನ್ನು ಅರಿಯದ ಕನ್ನಡಿಗನಿಲ್ಲ. ನಾಲ್ಕೂ ಬೆಳೆಯುತ್ತಿರುವ ಊರುಗಳು. ನಾಲ್ಕಕ್ಕೂ ಬಳಿಯ ಹೊಳೆಯೆಂದರೆ ಮಲಪ್ರಭೆಯೇ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಗೆ ಸವದತ್ತಿ ತಾಲೂಕಿನ ನವಿಲುತೀರ್ಥದ ಕಣಿವೆಯಲ್ಲಿ 1972ರ ಹೊತ್ತಿಗೆ ಅಣೆಕಟ್ಟು ಎದ್ದು ನಿಂತಿತು. ರೇಣುಕಾಸಾಗರವೆಂದು ಹೆಸರಾದ ಆ ಜಲಾಶಯವು ತುಂಬಿದಾಗ 37.73 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ.

ಒಂದು ಲೆಕ್ಕ

ವಾಚಕರು ನಮ್ಮೊಡನೆ ಒಂದು ಸಣ್ಣ ಲೆಕ್ಕ ಹಾಕಲಿ. ಕೊಳಚೆಯನ್ನು ನೆಲದೊಳಗಿನ ಕೊಳವೆಯಲ್ಲಿ ಸಾಗಿಸುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರಕಾರದ ನಿಯಮ. ಅಂತಹ ವ್ಯವಸ್ಥೆಯಿಲ್ಲದ ಊರಿಗೆ 70 ಲೀಟರ್ ಸಾಕೆನ್ನುತ್ತಾರೆ. ನಾವು ಕೈ ಬಿಗಿಹಿಡಿಯದೆ ದೊಡ್ಡ ಅಂಕಿಯನ್ನೇ ಹಿಡಿಯೋಣ. ನಾಲ್ಕೂ ಊರುಗಳ ಜನರನ್ನು, ಇನ್ನು ಬೆಳೆಯುವವರನ್ನೂ ಸೇರಿಸಿ, ಎರಡು ಲಕ್ಷವೆಂದು ಧಾರಾಳವಾಗಿ ಎಣಿಸೋಣ. ದಿನಕ್ಕೆ 2 ಕೋಟಿ 70 ಲಕ್ಷ ಲೀಟರ್ ಆಯಿತು. ವರ್ಷಕ್ಕೆ ಸುಮಾರು 985 ಕೋಟಿ ಲೀಟರ್. ಒಂದು ಟಿ.ಎಂ.ಸಿ.ಯೆಂದರೆ ಸುಮಾರು 2,832 ಕೋಟಿ ಲೀಟರ್. ಆದುದರಿಂದ ನಾಲ್ಕು ಊರುಗಳು ವರ್ಷವಿಡೀ ಕುಡಿದು, ತೊಳೆದು, ಮಿಂದು ಮುಗಿಸುವ ನೀರು ಒಂದು ಟಿ.ಎಂ.ಸಿ.ಯ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ. ತುಂಬಿದ ಜಲಾಶಯದ ನೂರರಲ್ಲಿ ಒಂದು ಪಾಲೂ ಅಲ್ಲ! ಜಲಾಶಯವು ಪ್ರತಿವರ್ಷ ತುಂಬುವುದಿಲ್ಲವೆಂಬುದು ನಿಜ. ಅರ್ಧ ತುಂಬಿದ ವರ್ಷದಲ್ಲಿಯೂ ಇದು ನೂರರಲ್ಲಿ ಎರಡು ಪಾಲನ್ನು ಮುಟ್ಟದು.

ಹಾಗಾದರೆ ನೀರು ಬರುವ ದಿನವೆಂದು ಮನೆಯ ಹೆಣ್ಣುಮಕ್ಕಳು ಕೆಲಸ ಬಿಟ್ಟು ಕೊಡಗಳ ಸಾಲಿನ ಮುಂದೆ ಕಾಯುವುದೇಕೆ? ಹೊಳೆಯಲ್ಲಿ ನೀರಿಲ್ಲವೆಂದಲ್ಲ. ಹೊಳೆಗೂ ನಳಕ್ಕೂ ನಡುವೆ ಇರುವ ದಾರಿಯನ್ನು ನಾವು ಕಟ್ಟಿದ್ದೇವೆ, ಕಾಯಲಿಲ್ಲ. ಈ ಲೇಖನದಲ್ಲಿ ನಾವು ಹೇಳಬೇಕಾದುದು ಇಷ್ಟೆ.

ಹಿರಿಯರು ಕಟ್ಟಿದುದು

ಕಿತ್ತೂರಿನ ಕೋಟೆಯೊಳಗಿನ ಅರಮನೆಯ ಹಾಳುಗೋಡೆಗಳ ನಡುವೆ ಬಾವಿಯನ್ನೂ, ನೀರಿನ ತೊಟ್ಟಿಗಳನ್ನೂ, ಸ್ನಾನಗೃಹಗಳಿಗೆ ನೀರು ಹರಿಸುತ್ತಿದ್ದ ಕೊಳವೆಗಳ ಗುರುತುಗಳನ್ನೂ ಇಂದಿಗೂ ಕಾಣಬಹುದು. 1824ರಲ್ಲಿ ಆ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ದೇಹವಿಟ್ಟಳು. ನೀರನ್ನು ದೂರದಿಂದ ತಂದು ಬೇಕಾದಲ್ಲಿ ಇಳಿಸುವ ವಿದ್ಯೆಯು ಪರದೇಶದವರು ನಮಗೆ ಕಲಿಸಿದುದಲ್ಲವೆಂಬುದಕ್ಕೆ ಆ ಗೋಡೆಗಳೇ ಸಾಕ್ಷಿ. ಅಂದು ಅದು ಅರಮನೆಯ ಭಾಗ್ಯವಾಗಿತ್ತು. ಪ್ರಜಾರಾಜ್ಯದಲ್ಲಿ ಅದು ಓಣಿಯ ಹಕ್ಕಾಗಬೇಡವೆ?

ಪರಕೀಯರ ಆಳಿಕೆಯಲ್ಲಿ ನಮ್ಮವರಿಗೆ ದೊರೆತ ಮೊದಲ ಅಧಿಕಾರವು ಗಟಾರಿನ ಮತ್ತು ದೀಪದ ಅಧಿಕಾರವೇ. ಲಾರ್ಡ್ ರಿಪ್ಪನ್ನರ 1882ರ ಠರಾವು, ಮುಂಬಯಿ ಇಲಾಖೆಯ 1901ರ ಜಿಲ್ಲಾ ಮುನಿಸಿಪಲ್ ಕಾಯದೆ ಇವುಗಳಿಂದ ಊರ ಮಹಾಜನರು ಸಭಾಸದರಾದರು. ಅದನ್ನು ಅಲ್ಪವೆಂದು ತಳ್ಳದೆ, ರಾಷ್ಟ್ರೀಯ ಚಳವಳಿಯ ಮುಂದಾಳುಗಳು ಅಲ್ಲಿಯೇ ಆಡಳಿತದ ಅಕ್ಷರಾಭ್ಯಾಸ ಮಾಡಿದರು. ಸರದಾರ ಪಟೇಲರು ಅಹಮದಾಬಾದಿನಲ್ಲಿ, ಜವಾಹರಲಾಲರು ಅಲಾಹಾಬಾದಿನಲ್ಲಿ, ರಾಜಾಜಿಯವರು ಸೇಲಮ್ಮಿನಲ್ಲಿ ಪುರಸಭೆಯ ಅಧ್ಯಕ್ಷಪೀಠವನ್ನು ಏರಿದವರೇ.

ನಮ್ಮ ಜಿಲ್ಲೆಯ ಮಾತೇ ಬೇಕೆಂದರೆ 1924ರ ಬೆಳಗಾವಿಯ ಕಾಂಗ್ರೆಸ್ಸನ್ನು ನೆನೆಯಬೇಕು. ಮಹಾತ್ಮರು ಅಧ್ಯಕ್ಷರಾದ ಆ ಅಧಿವೇಶನಕ್ಕೆ ಬರುವ ಸಾವಿರಾರು ಜನರಿಗೆ ನೀರು ಬೇಕಾಗಿತ್ತು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಸುಮಾರು 4,370 ರೂಪಾಯಿ ವೆಚ್ಚದಿಂದ ಬಾವಿಯನ್ನು ತೋಡಿಸಿ ಪಂಪಾ ಸರೋವರವೆಂದು ಹೆಸರಿಟ್ಟರು. ಶಿಬಿರದ ಶೌಚದ ಹೊಣೆಯನ್ನು ಕಾಕಾಸಾಹೇಬ ಕಾಲೇಲಕರರು ಹೊತ್ತರು. ಸ್ವಯಂಸೇವಕರು ಜಾತಿಯನ್ನೆಣಿಸದೆ ಪೊರಕೆ ಹಿಡಿದರು. ಅಧಿವೇಶನ ಮುಗಿಯಿತು, ಡೇರೆಗಳು ಕಿತ್ತುಹೋದವು. ಕಾಂಗ್ರೆಸ್ ಬಾವಿ ಮಾತ್ರ ಊರಿಗೆ ಉಳಿಯಿತು. ಸಾರ್ವಜನಿಕ ಕೆಲಸವೆಂದರೆ ಹೀಗಿರಬೇಕು: ಉತ್ಸವ ಮುಗಿದ ಮೇಲೆ ಊರಿಗೆ ಏನಾದರೂ ಉಳಿಯಬೇಕು.

ದೊಡ್ಡ ಕಟ್ಟಡಗಳ ಕಾಲ

ಸ್ವಾತಂತ್ರ್ಯಾನಂತರದ ಕಾಲವು ದೊಡ್ಡ ಕಟ್ಟಡಗಳ ಕಾಲ. ಹುಬ್ಬಳ್ಳಿಯ ಬಾಯಾರಿಕೆಗಾಗಿ ಕಲಘಟಗಿ ಸೀಮೆಯಲ್ಲಿ ಬೇಡ್ತಿ ಹಳ್ಳಕ್ಕೆ ಒಡ್ಡು ಹಾಕಿ 1955ರ ಸುಮಾರಿಗೆ ನೀರಸಾಗರವನ್ನು ಕಟ್ಟಿದರು. ಬೆಳಗಾವಿಗಾಗಿ ಮಾರ್ಕಂಡೇಯ ನದಿಯ ರಾಕಸಕೊಪ್ಪದ ಜಲಾಶಯವು 1962ರಲ್ಲಿ ಸಿದ್ಧವಾಯಿತು. ಅದೇ 1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಒಂದೇ ಮಹಾನಗರ ಪಾಲಿಕೆಯಾದವು. ಅವಳಿ ನಗರವು ಬೆಳೆಯಿತು, ನೀರಸಾಗರವು ಸಾಲದಾಯಿತು, 1983ರಿಂದ ನವಿಲುತೀರ್ಥದ ನೀರೂ ಅತ್ತ ಹರಿಯಿತು. 2016-17ರ ಬರದಲ್ಲಿ ನೀರಸಾಗರವು ಬತ್ತಿದಾಗ ಹುಬ್ಬಳ್ಳಿಯನ್ನು ಕಾಯ್ದುದು ಮಲಪ್ರಭೆಯೇ. ನೆರೆಯ ನಗರವು ಕುಡಿಯಲಿ. ಅದಕ್ಕೆ ನಮ್ಮ ಅಸೂಯೆಯಿಲ್ಲ. ಆದರೆ ದೊಡ್ಡ ನಗರದ ಬಾಯಾರಿಕೆಗೆ ಇರುವ ದನಿಯು ಸಣ್ಣ ಊರಿನ ಬಾಯಾರಿಕೆಗಿಲ್ಲ.

ಅಣೆಕಟ್ಟು ಕಟ್ಟಿದೊಡನೆ ಕೆಲಸ ಮುಗಿಯಿತೆಂಬ ಭ್ರಾಂತಿಗೆ ಈ ಸೀಮೆಯೇ ಬೆಲೆ ತೆತ್ತಿದೆ. ಮಲಪ್ರಭೆಯ ಕಾಲುವೆಗಳ ಕೆಳಗಿನ ರೈತರಿಗೆ ನೀರು ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ಬೇಡಿಕೆ ಮುಟ್ಟಿತು. 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗೋಲೀಬಾರಾಗಿ ಪ್ರಾಣಹಾನಿಯಾಯಿತು. ಅದಕ್ಕೂ ಹಿಂದೆ, 1939ರ ಏಪ್ರಿಲಿನಲ್ಲಿ, ರಾಮದುರ್ಗ ಸಂಸ್ಥಾನದಲ್ಲಿ ಪ್ರಜಾಸಂಘದ ಚಳವಳಿಯು ರಕ್ತಪಾತಕ್ಕೆ ತಿರುಗಿದುದನ್ನು ಹಿರಿಯರು ಹೇಳುತ್ತಿದ್ದರು. ಎರಡು ಪ್ರಸಂಗಗಳ ಕಾಲ ಬೇರೆ, ಆಳುವವರು ಬೇರೆ, ಪಾಠ ಒಂದೇ. ಕೊಡುವವನ ಮಾತನ್ನು ಕೇಳದೆ ಕರವನ್ನು ಕೇಳಬಾರದು. ಸೇವೆ ಮುಟ್ಟದ ಕಡೆ ಪಟ್ಟಿ ಮುಟ್ಟಬಾರದು.

ಬರಿದಾದ ಕೊಳವೆಯ ವಿಷ

ಸರದಿಯ ಮೇಲೆ ನೀರು ಬಿಡುವುದು ಮಿತವ್ಯಯವೆಂದು ಬಹುಜನರ ನಂಬಿಕೆ. ಅದು ತಪ್ಪು. ಕೊಳವೆಯಲ್ಲಿ ನೀರು ಸದಾ ಒತ್ತಡದಿಂದ ತುಂಬಿದ್ದರೆ, ಸೀಳಿದ್ದಲ್ಲಿ ಒಳಗಿನ ನೀರು ಹೊರಗೆ ಸೋರುತ್ತದೆ. ಹೊರಗಿನ ಹೊಲಸು ಒಳಗೆ ಬರಲಾರದು. ನೀರು ನಿಲ್ಲಿಸಿದೊಡನೆ ಕೊಳವೆಯು ಬರಿದಾಗಿ, ಬಳಿಯ ಗಟಾರಿನ ನೀರನ್ನು ಅದೇ ಸೀಳಿನಿಂದ ತಾನೇ ಹೀರಿಕೊಳ್ಳುತ್ತದೆ. ಮುಂದಿನ ಸರದಿಯಲ್ಲಿ ಮೊದಲು ಬರುವ ಕೊಡದಲ್ಲಿ ಆ ಹೊಲಸೂ ಬರುತ್ತದೆ. ಇದಲ್ಲದೆ, ಮತ್ತೆ ಯಾವಾಗ ಬಂದೀತೋ ಎಂಬ ಅಂಜಿಕೆಯಿಂದ ಜನರು ಬೇಕಾದುದಕ್ಕಿಂತ ಹೆಚ್ಚು ಹಿಡಿದಿಟ್ಟು, ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲುತ್ತಾರೆ. ಮಿತವ್ಯಯವೆಲ್ಲಿ ಉಳಿಯಿತು?

ಇದು ಪುಸ್ತಕದ ತರ್ಕ ಮಾತ್ರವಲ್ಲ. ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ವಾರ್ಡುಗಳಲ್ಲಿ ಹಳೆಯ ಕೊಳವೆಗಳನ್ನು ಬದಲಿಸಿ, ಮನೆಮನೆಗೆ ಮೀಟರು ಹಾಕಿ, 2008ರ ಸುಮಾರಿನಿಂದ ಹಗಲಿರುಳು ನೀರು ಬಿಟ್ಟು ನೋಡಿದರು. ಹುಬ್ಬಳ್ಳಿ ಧಾರವಾಡದಲ್ಲಿ ಆಮೇಲೆ ನಡೆದ ಪರೀಕ್ಷೆಗಳಲ್ಲಿ, ಸದಾ ನೀರಿರುವ ಓಣಿಗಳ ನಳದ ನೀರಿಗಿಂತ ಸರದಿಯ ಓಣಿಗಳ ನೀರಿನಲ್ಲಿಯೇ ಹೊಲಸು ಹೆಚ್ಚು ಕಂಡುಬಂದಿತು. ದೊಡ್ಡ ನಗರದ ಹಳೆಯ ಓಣಿಯಲ್ಲಿ ಆದ ಕೆಲಸವು ಐವತ್ತು ಸಾವಿರ ಜನರ ಬೈಲಹೊಂಗಲದಲ್ಲಿ ಆಗದೆಂದು ಯಾರೂ ಹೇಳಲಾರರು.

ಹಣ ಮತ್ತು ಅಧಿಕಾರ

ಪುರಸಭೆಯವರು ಹಣವಿಲ್ಲವೆಂದು ಹೇಳುತ್ತಾರೆ, ಅದರಲ್ಲಿ ಸತ್ಯವಿದೆ. ಒಂದು ಕಾಲದಲ್ಲಿ ಊರಿನ ಅಗಸೆಯ ಬಳಿಯ ಜಕಾತಿ ನಾಕೆಯೇ ಪುರಸಭೆಯ ಜೀವನಾಡಿ. ಗಾಡಿಯಲ್ಲಿ ಹತ್ತಿ ಬಂದರೆ ಊರ ಬೊಕ್ಕಸಕ್ಕೆ ಬಿಡಿಗಾಸು ಬೀಳುತ್ತಿತ್ತು. ಪೇಟೆ ಬೆಳೆದಂತೆ ಬೊಕ್ಕಸವೂ ಬೆಳೆಯುತ್ತಿತ್ತು. ನಾಕೆಗಳಲ್ಲಿ ಕಿರುಕುಳವೂ ಲಂಚವೂ ಇದ್ದುವೆಂಬುದು ಸುಳ್ಳಲ್ಲ. ಕರ್ನಾಟಕದಲ್ಲಿ 1979ರಲ್ಲಿ ಜಕಾತಿಯನ್ನು ತೆಗೆದುಹಾಕಿದರು, ವ್ಯಾಪಾರಕ್ಕೆ ಅನುಕೂಲವಾಯಿತು. ಆದರೆ ಅಂದಿನಿಂದ ಪುರಸಭೆಯು ತನ್ನ ದುಡಿಮೆಯನ್ನು ಬಿಟ್ಟು ರಾಜಧಾನಿಯ ಅನುದಾನದ ದಾರಿ ಕಾಯುವಂತಾಯಿತು. ಅನುದಾನವು ಹೊಸ ಕಟ್ಟಡಕ್ಕೆ ಬರುತ್ತದೆ. ಅದಕ್ಕೆ ಅಡಿಗಲ್ಲುಂಟು, ಹೂಮಾಲೆಯುಂಟು. ಸೋರುವ ವಾಲ್ವನ್ನು ಬಿಗಿಯುವುದಕ್ಕೆ ಅಡಿಗಲ್ಲಿಲ್ಲ. ಆದುದರಿಂದ ಅದಕ್ಕೆ ಹಣವೂ ಇಲ್ಲ.

ಹಣದಂತೆಯೇ ಅಧಿಕಾರವೂ. ಸಂವಿಧಾನದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ ಊರಿನ ಆಡಳಿತವು ಊರವರದೆಂದು ದೇಶವೇ ಒಪ್ಪಿಕೊಂಡಿತು. ಆಮೇಲೆ ಆದುದೇನು? 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಮಿಕ್ಕ ಪಟ್ಟಣ, ನಗರಗಳಲ್ಲಿ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ, ಗೆದ್ದ ಸದಸ್ಯರು ಸುಮಾರು ಎರಡು ವರ್ಷ ಅಧಿಕಾರವಿಲ್ಲದೆ ಕುಳಿತರು. ಆಡಳಿತಾಧಿಕಾರಿಗಳು ಊರುಗಳನ್ನು ನಡೆಸಿದರು. ಮತದಾರನು ಯಾರನ್ನು ಕೇಳಬೇಕು? ತನ್ನ ವಾರ್ಡಿನ ಸದಸ್ಯನು ಕೈ ತೋರಿಸುತ್ತಾನೆ. ಅಧಿಕಾರಿಯು ವರ್ಗವಾಗಿ ಹೋಗುತ್ತಾನೆ. ಹೊಣೆ ಹೊರುವವನಿಲ್ಲದ ಮನೆಯಂತಾಯಿತು ಪುರಸಭೆ.

ಜಾತ್ರೆ ಮತ್ತು ಪ್ರವಾಹ

ಸಣ್ಣ ಪುರಸಭೆಗೆ ಸಣ್ಣ ಹೊಣೆಯೆಂದು ತಿಳಿಯಬಾರದು. ನಾಲ್ವತ್ತು ಸಾವಿರ ಜನರಿಗೆ ಅಳೆದಿಟ್ಟ ಸವದತ್ತಿಯ ನೀರು, ದಾರಿ, ಶೌಚಗಳ ಮೇಲೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಲಕ್ಷಗಟ್ಟಲೆ ಜನರ ಭಾರ ಬೀಳುತ್ತದೆ. 2024ರಲ್ಲಿ ಕೇಂದ್ರ ಸರಕಾರವು ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಸಂತೋಷ. ಆ ಹಣದಲ್ಲಿ ಕಮಾನು, ಮಂಟಪಗಳಿಗೆ ಸಲ್ಲುವಷ್ಟೇ ಗಮನವು ಭಕ್ತೆಯರ ಶೌಚಗೃಹಕ್ಕೂ, ಗುಡ್ಡದಿಂದ ಇಳಿಯುವ ಕೊಳಚೆಗೂ ಸಲ್ಲಬೇಕು. ಯಾತ್ರಿಕನಿಗೆ ಶುದ್ಧ ನೀರು ಕೊಡುವುದೂ ದೇವಿಯ ಸೇವೆಯೇ.

ರಾಮದುರ್ಗದ ಕಷ್ಟ ಇದಕ್ಕೆ ತಿರುವು ಮುರುವು. 2019ರ ಆಗಸ್ಟಿನಲ್ಲಿ ಜಲಾಶಯವು ತುಂಬಿ ನೀರನ್ನು ಹೊರಬಿಟ್ಟಾಗ ಹೊಳೆಯ ದಂಡೆಯ ಓಣಿಗಳು ಮುಳುಗಿದವು. ಬೇಸಗೆಯಲ್ಲಿ ಕೊಡಕ್ಕೆ ಬಾರದ ಹೊಳೆಯು ಮಳೆಗಾಲದಲ್ಲಿ ಒಲೆಗೆ ಬಂದಿತು! ಹೊಳೆಯ ಪಾತ್ರದಲ್ಲಿ ಮನೆ ಕಟ್ಟಲು ಬಿಡದಿರುವುದು, ಮಳೆನೀರಿನ ನಾಲೆಗಳನ್ನು ತೆರವಾಗಿಡುವುದು, ನೀರು ಬಿಡುವ ಸುದ್ದಿಯನ್ನು ಓಣಿ ಓಣಿಗೆ ಹೊತ್ತಿಗೆ ಮುಂಚೆ ಮುಟ್ಟಿಸುವುದು, ಇವೆಲ್ಲ ಊರಿನವರೇ ಮಾಡಬೇಕಾದ ಕೆಲಸಗಳು.

ಮಾಡತಕ್ಕದ್ದೇನು?

ಮೊದಲನೆಯದು, ಹೊಸ ಯೋಜನೆಯ ಮೊದಲು ಹಳೆಯ ಕೊಳವೆಗಳ ನಕ್ಷೆ. ಯಾವ ಓಣಿಯ ಕೆಳಗೆ ಯಾವ ಕಾಲದ ಕೊಳವೆಯಿದೆ, ಎಲ್ಲಿ ಗಟಾರನ್ನು ದಾಟುತ್ತದೆ ಎಂಬುದು ಒಬ್ಬ ಹಳೆಯ ವಾಲ್ವ್‌ಮನ್ನನ ನೆನಪಿನಲ್ಲಿ ಮಾತ್ರ ಇರಬಾರದು. ಎರಡನೆಯದು, ಒಂದೊಂದೇ ವಾರ್ಡನ್ನು ಸಂಪೂರ್ಣ ದುರಸ್ತ ಮಾಡಿ ಹಗಲಿರುಳು ನೀರು ಕೊಡುವುದು. ಬಡವರ ಓಣಿಯಿಂದಲೇ ಅದನ್ನು ಆರಂಭಿಸುವುದು. ಮೂರನೆಯದು, ಕಟ್ಟಕಡೆಯ ನಳದಲ್ಲಿ ಕ್ಲೋರೀನು ಲೀಟರಿಗೆ 0.2 ಮಿಲಿಗ್ರಾಮಿಗೆ ಕಡಿಮೆಯಾಗದಂತೆ ನಿತ್ಯವೂ ಪರೀಕ್ಷಿಸಿ, ಆ ಅಂಕಿಯನ್ನೂ ತಿಂಗಳ ಜಮಾಖರ್ಚನ್ನೂ ಪುರಸಭೆಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಚ್ಚುವುದು. ನಾಲ್ಕನೆಯದು, ಪೌರಕಾರ್ಮಿಕರ ಮಾನ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರ ಕೇಂದ್ರ ಕಾಯದೆಯು ಮನುಷ್ಯನನ್ನು ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸುವುದನ್ನು ಅಪರಾಧವೆಂದಿತು. ಯಾವ ಊರೂ ತನ್ನ ಹೊಲಸನ್ನು ಒಂದು ಕುಲದವರ ತಲೆಗೆ ಕಟ್ಟಿ ಶುದ್ಧವಾಗಲಾರದು.

ಪೌರರಿಗೂ ಒಂದು ಮಾತು. ನೀರಪಟ್ಟಿ, ಮನೆಪಟ್ಟಿಗಳನ್ನು ಬಾಕಿ ಇಟ್ಟು ಅದನ್ನೇ ಜಾಣತನವೆಂದು ಹೇಳಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಪಟ್ಟಿ ಕೊಡದವನಿಗೆ ಲೆಕ್ಕ ಕೇಳುವ ಬಾಯಿಯಿಲ್ಲ. ಕೊಡೋಣ, ಕೊಟ್ಟು ಕೇಳೋಣ. ಬಡವನಿಗೆ ಕುಡಿಯುವಷ್ಟು ನೀರು ಹಗುರಾದ ದರದಲ್ಲಿ, ಹೆಚ್ಚು ಬಳಸುವವನಿಗೆ ಹೆಚ್ಚಿನ ದರದಲ್ಲಿ ಎಂಬ ನ್ಯಾಯವನ್ನು ಪುರಸಭೆಯು ಪಾಲಿಸಲಿ.

ಸರಕಾರಕ್ಕೆ ನಮ್ಮ ಕೋರಿಕೆ ಇನ್ನೂ ಚಿಕ್ಕದು: ಚುನಾವಣೆಯನ್ನು ಹೊತ್ತಿಗೆ ನಡೆಸಿರಿ; ಗೆದ್ದವರಿಗೆ ಕೂಡಲೆ ಅಧಿಕಾರ ಕೊಡಿರಿ; ಹೊಸ ಕಟ್ಟಡಕ್ಕೆ ಕೊಡುವ ಪ್ರತಿ ನೂರು ರೂಪಾಯಿಯೊಡನೆ ಹಳೆಯದನ್ನು ಕಾಯುವುದಕ್ಕೂ ಒಂದು ಪಾಲನ್ನು ತೆಗೆದಿಡಿರಿ. ಹೊಳೆಯು ತನ್ನ ಕೆಲಸವನ್ನು ಮಾಡುತ್ತಲೇ ಬಂದಿದೆ. ಜಲಾಶಯದ ನೂರರಲ್ಲಿ ಒಂದು ಪಾಲೂ ಆಗದ ನೀರನ್ನು ನಾಲ್ಕು ಊರುಗಳ ಅಡಿಗೆಮನೆಗೆ ದಿನಂಪ್ರತಿ ಶುದ್ಧವಾಗಿ ಮುಟ್ಟಿಸಲಾರದ ನಾವು ಇನ್ನಾವ ದೊಡ್ಡ ಕೆಲಸಕ್ಕೆ ಕೈಹಾಕಬಲ್ಲೆವು?