ನಗಿಸುತ್ತಲೇ ನಿಜ ಹೇಳುವವರು

ದೇವಸ್ಥಾನದಿಂದ ಹೊರಬಂದವನಿಗೆ ಬಿಟ್ಟ ಜಾಗದಲ್ಲಿ ಚಪ್ಪಲಿ ಕಾಣುವುದಿಲ್ಲ. ಇದನ್ನು ಬರೆಯಲು ಕೂತ ಇಬ್ಬರನ್ನು ಊಹಿಸಿಕೊಳ್ಳಿ. ಮೊದಲನೆಯವನು ಚಪ್ಪಲಿಯ ಬೆಲೆ ಹೇಳಿ, ಕಳ್ಳರನ್ನು ಬೈದು, ಕಾಲ ಕೆಟ್ಟುಹೋಯಿತೆಂದು ಮುಗಿಸುತ್ತಾನೆ. ಎರಡನೆಯವನು ಅಲ್ಲೇ ನಿಂತು ಸುತ್ತ ನೋಡುತ್ತಾನೆ. ಎದುರಿಗೇ ಒಂದು ಜೊತೆ ಹೊಸ ಚಪ್ಪಲಿ ಇದೆ. ಅಳತೆ ತನ್ನದೇ ಇದ್ದಂತಿದೆ. ಹಣೆಯ ಕುಂಕುಮ ಇನ್ನೂ ಆರಿಲ್ಲ, ಕೈಯಲ್ಲಿ ಪ್ರಸಾದದ ದೊನ್ನೆ. ಒಂದು ಪಾದವನ್ನು ಆ ಚಪ್ಪಲಿಯ ಪಕ್ಕಕ್ಕೆ ಸರಿಸಿ, ಉದ್ದ ಹೊಂದುತ್ತದೆಯೇ ಎಂದು ಓರೆಗಣ್ಣಲ್ಲಿ ನೋಡುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ‘ಸ್ವಲ್ಪ ಸರೀರಿ’ ಎನ್ನುತ್ತಾರೆ. ಚಪ್ಪಲಿಯ ಯಜಮಾನರು. ಇವನು ಬರಿಗಾಲಲ್ಲಿ ಮನೆಯ ದಾರಿ ಹಿಡಿಯುತ್ತಾನೆ.

ಮನೆಯವರನ್ನೆಲ್ಲ ಕರೆದು ನಾವು ಗಟ್ಟಿಯಾಗಿ ಓದಿ ಹೇಳುವುದು ಈ ಎರಡನೆಯವನ ಬರಹವನ್ನು. ಮೊದಲನೆಯವನ ದೂರಿನಲ್ಲಿ ನಮಗೆ ಜಾಗವೇ ಇಲ್ಲ. ಅಲ್ಲಿ ಒಬ್ಬ ಒಳ್ಳೆಯವನು, ಉಳಿದ ಲೋಕವೆಲ್ಲ ಕೆಟ್ಟದ್ದು. ಎರಡನೆಯವನು ಮಾತ್ರ ಆ ಅರೆನಿಮಿಷದ ಆಸೆಯನ್ನು ಒಪ್ಪಿಕೊಂಡ. ಅದು ನಮ್ಮ ಮನಸ್ಸಿನಲ್ಲೂ ಹಾದುಹೋಗಿದೆ, ಯಾರಿಗೂ ಹೇಳಿರಲಿಲ್ಲ ಅಷ್ಟೆ. ‘ಅಯ್ಯೋ, ಇದು ನಮ್ಮನೆ ಕಥೇನೇ’, ‘ನಮ್ಮ ಯಜಮಾನರೂ ಥೇಟ್ ಹಿಂಗೇ’ ಎಂದು ಓದುಗರು ಪತ್ರಿಕೆಗಳಿಗೆ ಬರೆಯುತ್ತಾರಲ್ಲ, ಆ ಮಾತು ಹೊರಡುವುದು ಇಂಥ ಕಡೆಯಿಂದಲೇ.

ಕನ್ನಡದಲ್ಲಿ ಇದಕ್ಕೊಂದು ಮನೆ ಇದೆ, ಲಲಿತ ಪ್ರಬಂಧ. ವಾರಪತ್ರಿಕೆಗಳು, ಯುಗಾದಿ ದೀಪಾವಳಿಯ ವಿಶೇಷಾಂಕಗಳು, ಭಾನುವಾರದ ಪುರವಣಿಗಳು ಇದನ್ನು ಸಾಕಿದವು. ವಿಮರ್ಶಕರು ಮಾತ್ರ ಕಥೆ, ಕಾದಂಬರಿ, ಕಾವ್ಯಗಳಿಗೆ ಕೊಟ್ಟ ಗಮನದಲ್ಲಿ ಕಾಲು ಭಾಗವನ್ನೂ ಇದಕ್ಕೆ ಕೊಡಲಿಲ್ಲ. ಹಗುರವಾಗಿ ಓದಿಸಿಕೊಂಡು ಹೋಗುವುದರಲ್ಲಿ ತೂಕ ಇರಲಾರದು ಎಂಬ ಹಳೆಯ ಅನುಮಾನ ಅದು. ಈ ಅನುಮಾನ ತಪ್ಪು ಎಂದು ನಾನು ನಂಬುತ್ತೇನೆ. ನಗಿಸುತ್ತ ಸಣ್ಣ ಸಣ್ಣ ನಿಜಗಳನ್ನು ಒಪ್ಪಿಕೊಳ್ಳುವ ಬರಹಗಾರ ಓದುಗನಲ್ಲಿ ಒಂದು ನಂಬಿಕೆಯನ್ನು ಕೂಡಿಡುತ್ತ ಹೋಗುತ್ತಾನೆ. ಬೇರೆ ಯಾವ ದಾರಿಯಲ್ಲೂ ಹೇಳಲಾಗದ ದೊಡ್ಡ ನಿಜವನ್ನು ಹೇಳಬೇಕಾಗಿ ಬಂದಾಗ ಆ ನಂಬಿಕೆಯೇ ಅವನ ಬೆನ್ನಿಗೆ ನಿಲ್ಲುತ್ತದೆ.

ಎ.ಎನ್. ಮೂರ್ತಿರಾಯರಿಂದಲೇ ಶುರು ಮಾಡಬೇಕು. ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ‘ವ್ಯಾಘ್ರಗೀತೆ’ಯ ಧರ್ಮನಿಷ್ಠ ಹುಲಿ ಮತ್ತು ಖಿರ್ದಿ ಪುಸ್ತಕದ ಶಾನುಭೋಗರನ್ನು ಹತ್ತನೇ ತರಗತಿಯ ಪಠ್ಯದಲ್ಲಿ ಓದಿದ ಎಷ್ಟೋ ಮಂದಿಗೆ ಅವರು ಬಾಲ್ಯದ ನೆನಪಿನ ಭಾಗ. ಅವರ ‘ಹಗಲುಗನಸುಗಳು’ ಬಂದದ್ದು 1937ರಲ್ಲಿ. ಆ ಕಾಲದ ಮೇಷ್ಟರು ಎಂದರೆ ಪಂಚೆ, ಕೋಟು, ಪೇಟ, ತಪ್ಪೇ ಮಾಡದ ಗಾಂಭೀರ್ಯ. ಅಂಥ ಪೀಠದಲ್ಲಿ ಕೂತವರು ತಾನು ಹಗಲಲ್ಲೇ ಕನಸು ಕಾಣುವವನು ಎಂದು ಪುಸ್ತಕದ ಮುಖಪುಟದ ಮೇಲೆಯೇ ಹೇಳಿಕೊಂಡರು. ಅವರ ದನಿ ಎಲ್ಲೂ ಎತ್ತರಕ್ಕೆ ಹೋಗುವುದಿಲ್ಲ. ಮನೆಯ ಜಗಲಿಯಲ್ಲಿ ಕೂತು ಮಾತಾಡುತ್ತಿರುವಂತೆ ಒಂದು ವಿಷಯದಿಂದ ಇನ್ನೊಂದಕ್ಕೆ ಹೊರಳುತ್ತಾರೆ. ಹೀಗೆ ಅಲೆಯುವಾಗ ತಮ್ಮ ಒಂದು ದೌರ್ಬಲ್ಯವನ್ನು ಸದ್ದಿಲ್ಲದೆ ನಮ್ಮ ಕೈಗಿಟ್ಟಿರುತ್ತಾರೆ.

ಆ ಪೀಳಿಗೆಯ ಹಲವರಿಗೆ ಇಂಗ್ಲಿಷಿನ ಚಾರ್ಲ್ಸ್ ಲ್ಯಾಂಬ್ ಹತ್ತಿರದವನು. ಅವನ ಬದುಕು ಗೊತ್ತಾದ ಮೇಲೆ ಅವನ ಪ್ರಬಂಧಗಳನ್ನು ಮೊದಲಿನ ಹಾಗೆ ಓದಲು ಸಾಧ್ಯವೇ ಇಲ್ಲ. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ 33 ವರ್ಷ ಗುಮಾಸ್ತ. ಮಾತಾಡಿದರೆ ಉಗ್ಗು. 1796ರ ಸೆಪ್ಟೆಂಬರಿನಲ್ಲಿ, ಇವನಿಗೆ 21 ವರ್ಷವಿದ್ದಾಗ, ಅಕ್ಕ ಮೇರಿ ಬುದ್ಧಿಭ್ರಮಣೆಯ ಭರದಲ್ಲಿ ಅಡುಗೆಮನೆಯ ಚಾಕುವಿನಿಂದ ತಾಯಿಯನ್ನು ಕೊಂದಳು. ಅವಳು ಜೀವನವಿಡೀ ಹುಚ್ಚಾಸ್ಪತ್ರೆಯಲ್ಲಿ ಕೊಳೆಯಬಾರದೆಂದು ಲ್ಯಾಂಬ್ ಅವಳ ಜವಾಬ್ದಾರಿ ಹೊತ್ತ. ಮದುವೆಯಾಗಲಿಲ್ಲ. ಕಾಯಿಲೆ ಮರುಕಳಿಸುವ ಸೂಚನೆ ಕಂಡಾಗಲೆಲ್ಲ ಅಕ್ಕ ತಮ್ಮ ಇಬ್ಬರೂ ಕೈ ಹಿಡಿದುಕೊಂಡು ಅಳುತ್ತ ಆಸ್ಪತ್ರೆಯ ಕಡೆ ನಡೆದುಹೋಗುತ್ತಿದ್ದರಂತೆ. ಅದನ್ನು ಕಂಡ ಗೆಳೆಯರು ಹೇಳಿದ್ದಾರೆ. ಒಳ್ಳೆಯ ದಿನಗಳಲ್ಲಿ ಇದೇ ಅಕ್ಕನ ಜೊತೆ ಸೇರಿ ಮಕ್ಕಳಿಗಾಗಿ ಷೇಕ್ಸ್‌ಪಿಯರನ ಕಥೆಗಳನ್ನು ಬರೆದ. 1807ರ ಆ ಪುಸ್ತಕ ನಮ್ಮ ಶಾಲೆಗಳವರೆಗೂ ಬಂತು.

1820ರಲ್ಲಿ ‘ಲಂಡನ್ ಮ್ಯಾಗಜಿನ್’ಗೆ ಬರೆಯಲು ಕೂತಾಗ ಅವನು ‘ಎಲಿಯಾ’ ಎಂಬ ಹೆಸರನ್ನು ಹೊದ್ದುಕೊಂಡ. ಅಕ್ಕನನ್ನು ಬ್ರಿಜೆಟ್ ಎಂಬ ಸೋದರಸಂಬಂಧಿಯನ್ನಾಗಿ ಮಾಡಿದ. ಬರೆದದ್ದು ಹುರಿದ ಹಂದಿಮಾಂಸದ ಮೇಲೆ, ಬಡ ನೆಂಟರ ಮೇಲೆ, ಹಳೆಯ ಪಿಂಗಾಣಿಯ ಮೇಲೆ. 1825ರಲ್ಲಿ ನಿವೃತ್ತನಾದಾಗ, ದಿನವೂ ಭಾನುವಾರವಾಗಿಬಿಟ್ಟರೆ ಮನುಷ್ಯ ಏನು ಮಾಡಬೇಕೆಂದು ತೋಚದೆ ಹಳೆಯ ಕಚೇರಿಗೇ ಹೋಗಿ ಬಂದದ್ದನ್ನು ಬರೆದ. ನಿವೃತ್ತಿಯ ಮರುವಾರ ಬ್ಯಾಂಕಿನ ಮುಂದೆಯೋ ಶಾಲೆಯ ಗೇಟಿನ ಹತ್ತಿರವೋ ಸುಮ್ಮನೆ ಸುಳಿದಾಡುವ ನಮ್ಮೂರಿನ ಹಿರಿಯರು ಆ ಬರಹದಲ್ಲಿ ತಮ್ಮನ್ನು ಕಂಡುಕೊಳ್ಳಬಲ್ಲರು. ತಾಯಿಯ ಸಾವಿನ ಬಗ್ಗೆ ಮಾತ್ರ ಎಲಿಯಾ ಒಂದು ಮಾತನ್ನೂ ಆಡಲಿಲ್ಲ. ಇನ್ನೊಂದು ಪ್ರಬಂಧದಲ್ಲಿ ಇಬ್ಬರು ಮಕ್ಕಳಿಗೆ ಅಜ್ಜಿಯ ಕಥೆ ಹೇಳುತ್ತ ಕೂತಿರುತ್ತಾನೆ. ಮಕ್ಕಳು ಬೆರಗಾಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೆ ನಿಧಾನವಾಗಿ ಮಸುಕಾಗುತ್ತ ಹೋಗುತ್ತಾರೆ. ಅಂಥ ಮಕ್ಕಳು ಹುಟ್ಟಿಯೇ ಇರಲಿಲ್ಲ. ಬ್ರಹ್ಮಚಾರಿ ಕುರ್ಚಿಯಲ್ಲಿ ಎಚ್ಚರವಾದಾಗ ಪಕ್ಕದಲ್ಲಿರುವವಳು ಬ್ರಿಜೆಟ್. ಅಷ್ಟು ಹೊತ್ತು ತುಂಟತನದ ವಿವರಗಳಿಗೆ ನಗುತ್ತಿದ್ದ ಓದುಗನಿಗೆ ಅಲ್ಲಿ ಗಂಟಲು ಕಟ್ಟುತ್ತದೆ. ತನ್ನ ತಿಂಡಿಪೋತತನವನ್ನೂ ಸೋಮಾರಿತನವನ್ನೂ ಮುಚ್ಚಿಡದವನು ಈ ಒಂದು ಕಡೆ ಮೌನವಾಗಿದ್ದಾನೆ ಎಂದ ಮೇಲೆ ಆ ಮೌನದ ಭಾರ ನಮಗೂ ತಾಗುತ್ತದೆ.

ಇಂಥ ಬರಹದಲ್ಲಿ ಏನನ್ನು ಹೇಳಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದೇ ಕಸುಬು. ಎಲ್ಲವನ್ನೂ ಹೇಳಿಬಿಡುವವನು ಓದುಗನನ್ನು ಸುಸ್ತು ಮಾಡುತ್ತಾನೆ. ಕನಿಕರ ಬೇಡುವವನನ್ನು ಕಂಡರೆ ಓದುಗ ಹಿಂದೆ ಸರಿಯುತ್ತಾನೆ. ಇನ್ನೊಂದು ಜಾತಿಯವರೂ ಇದ್ದಾರೆ, ತಪ್ಪನ್ನು ಒಪ್ಪಿಕೊಳ್ಳುವ ನೆಪದಲ್ಲಿ ತಮ್ಮ ದೊಡ್ಡತನವನ್ನೇ ತೋರಿಸುವವರು. ‘ನನಗೆ ಇಲ್ಲ ಅನ್ನೋಕೆ ಬರಲ್ಲ, ಅದೇ ನನ್ನ ದೋಷ’ ಎಂಬ ಧಾಟಿ. ಓದುಗ ಇದನ್ನು ಎರಡನೇ ಸಾಲಿನಲ್ಲೇ ಹಿಡಿಯುತ್ತಾನೆ. ಚಪ್ಪಲಿಯ ಪಕ್ಕಕ್ಕೆ ಪಾದ ಇಟ್ಟು ನೋಡಿದವನು ಹಾಗಲ್ಲ, ಅವನು ನಿಜಕ್ಕೂ ಸ್ವಲ್ಪ ಮಾನ ಕಳೆದುಕೊಂಡಿದ್ದಾನೆ.

ಇತ್ತೀಚೆಗೆ ಹಾಸ್ಯ ಎಂದರೆ ವೇದಿಕೆ ಎನ್ನುವಂತಾಗಿದೆ. ಹಾಸ್ಯೋತ್ಸವಗಳಿಗೆ ಜನ ಸೇರುತ್ತಾರೆ, ಹೊಟ್ಟೆ ತುಂಬ ನಕ್ಕು ಹೋಗುತ್ತಾರೆ, ಸಂತೋಷ. ಆದರೆ ಅಲ್ಲಿನ ನಗೆಯಲ್ಲಿ ಹೆಚ್ಚಿನದು ಹೆಂಡತಿಯ ಮೇಲೆ, ಅತ್ತೆಯ ಮೇಲೆ, ದಪ್ಪಗಿರುವವರ ಮೇಲೆ, ಬೇರೆ ಸೀಮೆಯವರ ಮಾತಿನ ಮೇಲೆ. ನಗಿಸುವವನು ಸುರಕ್ಷಿತ, ನಗೆಗೆ ಸಿಕ್ಕವನು ಸಭೆಯಲ್ಲೇ ಇರುವುದಿಲ್ಲ. ಪ್ರಬಂಧಕಾರ ಈ ಲೆಕ್ಕವನ್ನು ತಿರುಗಿಸುತ್ತಾನೆ. ನಗೆಗೆ ಸಿಕ್ಕುವವನು ಅವನೇ. ಇದರಿಂದಲೇ ಅವನ ನಗೆ ನೂರಾರು ಸಲ ಕೇಳಿದ ಜೋಕಿನಂತೆ ಹಳಸುವುದಿಲ್ಲ.

ಕನ್ನಡದ ಹಾಸ್ಯಕ್ಕೆ ಈ ಸಂಸ್ಕಾರ ಕೊಟ್ಟದ್ದರಲ್ಲಿ ‘ಕೊರವಂಜಿ’ಯ ಪಾಲು ದೊಡ್ಡದು. ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಶುರುಮಾಡಿ 1967ರವರೆಗೆ ನಡೆಸಿದ ಮಾಸಪತ್ರಿಕೆ ಅದು. ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು. ಅದೇ ರಾಶಿಯವರು ಮನುಷ್ಯನ ಮನಸ್ಸನ್ನು ಕುರಿತು ‘ಮನಮಂಥನ’ ಬರೆದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗೆಪತ್ರಿಕೆ ನಡೆಸಿದವರೂ ಮನಸ್ಸಿನ ನೋವನ್ನು ಬಿಡಿಸಿ ನೋಡಿದವರೂ ಒಬ್ಬರೇ ಆಗಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಎರಡಕ್ಕೂ ಬೇಕಾದದ್ದು ಮನುಷ್ಯ ಬಚ್ಚಿಡುವುದು ಏನನ್ನು ಎಂಬ ಕುತೂಹಲ.

ಟಿ. ಸುನಂದಮ್ಮ ಬರೆಯತೊಡಗಿದ್ದು ಈ ‘ಕೊರವಂಜಿ’ಯಲ್ಲೇ. ಹಾಸ್ಯವೆಂದರೆ ಗಂಡಸರ ಸೊತ್ತು ಎಂದುಕೊಂಡಿದ್ದ ಕಾಲ. ಗಂಡಸಾದ ಮೇಷ್ಟರು ತನ್ನ ಮರೆವಿನ ಬಗ್ಗೆ ಬರೆದರೆ ಜನ ಪ್ರೀತಿಯಿಂದ ನಕ್ಕು ‘ದೊಡ್ಡವರು, ಪಾಪ’ ಎನ್ನುತ್ತಾರೆ. ಗೃಹಿಣಿ ತನಗೆ ಅಡುಗೆಮನೆ ಬೇಸರವೆಂದೋ ನೆಂಟರು ಬಂದರೆ ಎದೆ ಧಸಕ್ಕೆನ್ನುತ್ತದೆಂದೋ ಬರೆದರೆ ಅದನ್ನು ಹಾಗೆ ತೆಗೆದುಕೊಳ್ಳುವುದಿಲ್ಲ. ಅವಳು ಪಣಕ್ಕಿಡುವ ಮಾನದ ಬೆಲೆಯೇ ಬೇರೆ. ಇಂಥದ್ದರಲ್ಲಿ ಸುನಂದಮ್ಮ ಮನೆ, ಸಂಸಾರ, ನೆರೆಹೊರೆಗಳನ್ನೇ ವಸ್ತುವಾಗಿಸಿ, ಹೆಂಗಸಿನ ಕಣ್ಣಿನಿಂದ ಮನೆಯೊಳಗಿನ ತಮಾಷೆಯನ್ನು ದಶಕಗಳ ಕಾಲ ಬರೆದರು. ಅವರ ಲಘುತ್ವದ ಹಿಂದೆ ಇದ್ದ ಧೈರ್ಯವನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ.

ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ಬಿಟ್ಟರೆ ಈ ಮಾತು ಪೂರ್ತಿಯಾಗದು. 1930ರಲ್ಲಿ ‘ಹಳ್ಳಿಯ ಚಿತ್ರಗಳು’ ಕೊಟ್ಟವರು ಇಳಿವಯಸ್ಸಿನಲ್ಲಿ ಸಮುದ್ರ ದಾಟಿ ‘ಅಮೆರಿಕದಲ್ಲಿ ಗೊರೂರು’ ಬರೆದರು. ಹೇಮಾವತಿಯ ದಂಡೆಯವನೊಬ್ಬ ಆ ದೇಶದಲ್ಲಿ ಬೆಪ್ಪಾಗುವುದನ್ನು ಮುಚ್ಚಿಡದೆ ಹೇಳಿದ್ದಕ್ಕೇ ಆ ಪ್ರವಾಸ ಕಥನ ಇಂದಿಗೂ ಉಳಿದಿದೆ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರೂ ಅಷ್ಟೆ. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ‘ಹಸುರು ಹೊನ್ನು’ವಿನಲ್ಲಿ ಗಿಡಗಳ ವಿವರ ತಲೆಯೊಳಗೆ ಇಳಿಯುವುದು ಆ ಮೇಷ್ಟರ ಪಜೀತಿಗಳ ಬೆನ್ನೇರಿಯೇ.

ಬೀಚಿಯವರದು ಬೇರೆಯೇ ನೆಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡು, ಪೊಲೀಸ್ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದವರು. ಅನಕೃ ಅವರ ‘ಸಂಧ್ಯಾರಾಗ’ ಓದಿದ ಮೇಲೆ ಕನ್ನಡದ ಕಡೆ ತಿರುಗಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟರು. ಮೂರ್ತಿರಾಯರ ಓದುಗ ಮುಗುಳ್ನಗುತ್ತಾನೆ, ಬೀಚಿಯ ಓದುಗನಿಗೆ ನಗು ಬರುವುದು ಪೆಟ್ಟು ಬಿದ್ದ ಜಾಗದಿಂದ. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ, ಕೆಲವು ಕಡೆ ಚಾಟೂಕ್ತಿಯ ಚಪಲ ಹೆಚ್ಚಾಯಿತು ಅನ್ನಿಸುವುದೂ ಉಂಟು. ಆದರೂ ತನ್ನ ಅನಾಥ ಬಾಲ್ಯವನ್ನು ಕಣ್ಣೀರಿಗೆ ಒತ್ತೆಯಿಡದೆ ಹೇಳಿದ ಅವರ ಗಟ್ಟಿತನ ಅಪರೂಪದ್ದು.

ಆ ಗಟ್ಟಿತನ ಪರಾಕಾಷ್ಠೆಗೆ ಹೋದದ್ದು ದಲಿತ ಕವಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ. ಲಲಿತ ಪ್ರಬಂಧ ಎಂದರೆ ಹೊಟ್ಟೆ ತುಂಬಿದವರ ಹರಟೆ ಎಂದು ಮೂಗು ಮುರಿಯುವವರು ಈ ಆತ್ಮಕಥೆಯ ಮೊದಲ ಭಾಗವನ್ನು ಓದಬೇಕು. ಅಪ್ಪ ಮತ್ತು ಇನ್ನೊಬ್ಬರ ಹೆಗಲ ಮೇಲೆ ನೊಗವಿಟ್ಟು, ಎತ್ತುಗಳಂತೆ ಹೂಡಿ ಒಡೆಯನ ಹೊಲ ಉಳುತ್ತಿರುವುದನ್ನು ಹುಡುಗ ನೋಡುತ್ತಾನೆ. ಹೀಗೆ ತೆರೆದುಕೊಳ್ಳುವ ಪುಸ್ತಕದಲ್ಲಿ ನಗೆ ಎಲ್ಲಿಂದ ಬರಬೇಕು? ಆದರೆ ಪುಟಪುಟದಲ್ಲೂ ಬರುತ್ತದೆ. ಹಸಿವು, ಹಾಸ್ಟೆಲ್ಲು, ಸ್ಮಶಾನದಲ್ಲಿ ಕಳೆದ ಹೊತ್ತು, ತನ್ನ ಪುಕ್ಕಲುತನ, ಪೇಚಾಟ, ಎಲ್ಲವನ್ನೂ ಎಳೆಯ ಹುಡುಗನ ಬೆರಗಿನಲ್ಲಿ ಹೇಳುತ್ತಾರೆ. ಸಿಟ್ಟಿನ ಕವಿತೆಗಳಿಂದ ನಾಡನ್ನು ಎಬ್ಬಿಸಿದ್ದವರು ಗದ್ಯಕ್ಕೆ ಬಂದಾಗ ನಗುವನ್ನು ಆರಿಸಿಕೊಂಡರು. ಇದರಿಂದ ಜಾತಿಯ ಕ್ರೌರ್ಯ ಮೆತ್ತಗಾಯಿತು ಎಂದು ಕೆಲವರು ಭಾವಿಸಬಹುದು. ನನಗೆ ಹಾಗೆ ಅನ್ನಿಸಿಲ್ಲ. ಎದುರಿಗೆ ಬೆರಳು ತೋರಿಸಿದ್ದರೆ ತನ್ನನ್ನು ಸಮರ್ಥಿಸಿಕೊಳ್ಳಲು ಮಾತು ಹುಡುಕುತ್ತಿದ್ದ ಓದುಗ, ಇಲ್ಲಿ ನಗುತ್ತ ಆ ಹುಡುಗನ ಪಕ್ಕಕ್ಕೆ ಹೋಗಿ ಕೂತಿರುತ್ತಾನೆ. ಅಲ್ಲಿಂದ ಹೊಲದ ಕಡೆ ನೋಡಿದಾಗ ನೊಗ ಹೊತ್ತವರ ಮುಖ ಅವನಿಗೂ ಕಾಣಲೇಬೇಕು.

ಮತ್ತೆ ಮೂರ್ತಿರಾಯರ ಮಾತು. 1991ರಲ್ಲಿ, 91ರ ವಯಸ್ಸಿನಲ್ಲಿ, ಅವರು ‘ದೇವರು’ ಪ್ರಕಟಿಸಿದರು. ತನಗೆ ದೇವರಲ್ಲಿ ನಂಬಿಕೆಯಿಲ್ಲ, ಇಂತಿಂಥ ಕಾರಣಕ್ಕೆ, ಎಂದು ಕಾವೇರದ ದನಿಯಲ್ಲಿ ವಿವರಿಸಿದ ಪುಸ್ತಕ. ದೇವರ ಮನೆಯಿಲ್ಲದ ಮನೆ ಅಪರೂಪವಾದ ನಾಡಿನಲ್ಲಿ ಅದು ಮತ್ತೆ ಮತ್ತೆ ಅಚ್ಚಾಯಿತು, ಆಸ್ತಿಕರೂ ಓದಿದರು. ಅವರ ತರ್ಕ ಸೊಗಸಾದದ್ದು, ನಿಜ. ಆದರೆ ತರ್ಕವೊಂದೇ ಆ ಕೆಲಸ ಮಾಡಿತೆಂದು ನಾನು ಒಪ್ಪಲಾರೆ. ಅರ್ಧ ಶತಮಾನದಿಂದ ತನ್ನ ಬಗ್ಗೆ ಸುಳ್ಳು ಹೇಳದವರು, ತನ್ನ ಸಣ್ಣತನಗಳನ್ನು ನಗುತ್ತ ಒಪ್ಪಿಕೊಂಡವರು, ಈಗ ಇದನ್ನೂ ಒಪ್ಪಿಕೊಳ್ಳುತ್ತಿದ್ದಾರೆ ಎಂದು ಓದುಗನಿಗೆ ಗೊತ್ತಿತ್ತು.

ನಮ್ಮ ಕಾಲದಲ್ಲಿ ಇದೇ ಹಾದಿಯನ್ನು ಸಂಡೂರಿನ ವಸುಧೇಂದ್ರ ನಡೆದರು. ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ ಬರೆದ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಸಾವಿರಾರು ಮನೆಗಳಿಗೆ ಹೋಯಿತು. ಪುಸ್ತಕ ಓದುವ ಅಭ್ಯಾಸವೇ ಇಲ್ಲದವರೂ ಅದನ್ನು ಕೈಯಿಂದ ಕೈಗೆ ದಾಟಿಸಿದರು. ಬಳ್ಳಾರಿ ಸೀಮೆಯ ಮಾತು, ಮಧ್ಯಮ ವರ್ಗದ ಮನೆಯ ಕಾಸಿನ ಲೆಕ್ಕ, ಅಮ್ಮನ ಹಟ, ಮಗನ ಪೇಚಾಟ. ಆಮೇಲೆ 2013ರಲ್ಲಿ ‘ಮೋಹನಸ್ವಾಮಿ’ ಬಂತು. ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆಗಳು. ತಾವೂ ಸಲಿಂಗಿ ಎಂದು ಲೇಖಕರು ಬಹಿರಂಗವಾಗಿ ಹೇಳಿದರು. ಅಂಥ ಸಂಬಂಧವನ್ನು ಸುಪ್ರೀಂ ಕೋರ್ಟು ಅಪರಾಧದ ಪಟ್ಟಿಯಿಂದ ಬಿಡಿಸಿದ್ದು ಆಮೇಲೆ, 2018ರಲ್ಲಿ. ಅಪರಿಚಿತನೊಬ್ಬ ಬರೆದಿದ್ದರೆ ‘ಇದು ನಮ್ಮ ಮನೆಗೆ ಬೇಡ’ ಎಂದು ಪುಸ್ತಕವನ್ನು ಪಕ್ಕಕ್ಕಿಡುವುದು ಸುಲಭವಿತ್ತು. ಆದರೆ ಆ ಅಮ್ಮನ ಮಗ ಈಗಾಗಲೇ ಮನೆಯೊಳಗಿದ್ದ, ಅವನ ಪೇಚಾಟಕ್ಕೆ ಎಲ್ಲರೂ ಕೂಡಿ ನಕ್ಕಾಗಿತ್ತು. ಅವನನ್ನು ಹೊರಗೆ ಹೋಗು ಎನ್ನುವುದಕ್ಕೆ ಓದುಗನ ಹತ್ತಿರ ಯಾವ ಕಾರಣವೂ ಉಳಿದಿರಲಿಲ್ಲ.